ಜರ್ಸಿ ಸಿಟಿಯಲ್ಲಿ ಚಾರ್ಟರ್ ಶಾಲೆ ಆರಿಸುವುದು ಹೇಗೆ? ಎಷ್ಟು ಮಕ್ಕಳು ಉಳಿದರು ಅಂತ ಮೊದಲು ಕೇಳಿ

ಅಮೆರಿಕದ ನ್ಯೂಜೆರ್ಸಿ ರಾಜ್ಯದ ಜರ್ಸಿ ಸಿಟಿಯಲ್ಲಿ ಮನೆ ಮಾಡಿರುವ ಕನ್ನಡದ ಕುಟುಂಬಗಳಿಗೆ ಮಗುವಿಗೆ ನಾಲ್ಕು ವರ್ಷ ತುಂಬುತ್ತಿದ್ದಂತೆ ಚರ್ಚೆ ಶುರುವಾಗುತ್ತದೆ. ಏರಿಯಾದ ಪಬ್ಲಿಕ್ ಶಾಲೆ ಸಾಕಾ? ಮನೆ ಬಿಟ್ಟು ಎಡಿಸನ್‌ನಂಥ ಉಪನಗರದ ಕಡೆ ಹೋಗಬೇಕಾ? ಇಲ್ಲಾ ಚಾರ್ಟರ್ ಶಾಲೆಗೆ ಅರ್ಜಿ ಹಾಕಬೇಕಾ? ಮೊದಲ ಎರಡರ ಬಗ್ಗೆ ಪರಿಚಯದವರು ಯಾರಾದರೂ ಹೇಳುತ್ತಾರೆ. ಮೂರನೆಯದರ ಬಗ್ಗೆ ಮಾತ್ರ 'ವೇಟಿಂಗ್ ಲಿಸ್ಟ್ ತುಂಬಾ ಉದ್ದ ಇದೆಯಂತೆ, ಅಂದ್ರೆ ಒಳ್ಳೇದೇ ಇರಬೇಕು' ಎನ್ನುವ ಮಾತಿಗಿಂತ ಜಾಸ್ತಿ ಏನೂ ಸಿಗುವುದಿಲ್ಲ. ಉದ್ದದ ಪಟ್ಟಿ ಹೇಳುವುದು ಎಷ್ಟು ಜನ ಅರ್ಜಿ ಹಾಕಿದರು ಅನ್ನುವುದನ್ನು ಮಾತ್ರ. ಒಳಗೆ ಹೋದ ಮಕ್ಕಳ ಕಥೆ ಏನಾಯಿತು ಅಂತ ಅದು ಹೇಳುವುದಿಲ್ಲ. ಅದನ್ನು ನಾವೇ ಹುಡುಕಬೇಕು, ಹುಡುಕುವುದು ಕಷ್ಟವೂ ಅಲ್ಲ.

ಮೊದಲು, ಇದು ಎಂಥ ಶಾಲೆ ಅಂತ ತಿಳಿದುಕೊಳ್ಳಿ

ಚಾರ್ಟರ್ ಶಾಲೆ ಸರ್ಕಾರದ ದುಡ್ಡಿನಲ್ಲೇ ನಡೆಯುತ್ತದೆ. ಆದರೆ ಊರಿನ ಶಾಲಾ ಮಂಡಳಿಯ ಕೈಕೆಳಗೆ ಇರುವುದಿಲ್ಲ, ಅದಕ್ಕೆ ತನ್ನದೇ ಆಡಳಿತ ಮಂಡಳಿ ಇರುತ್ತದೆ. ಫೀಸ್ ಇಲ್ಲ, ಡೊನೇಷನ್ ಇಲ್ಲ. ಸೀಟಿಗಿಂತ ಅರ್ಜಿ ಹೆಚ್ಚು ಬಂದರೆ ಲಾಟರಿ ಎತ್ತುತ್ತಾರೆ. ಅಮೆರಿಕದಲ್ಲಿ ಇಂಥ ಶಾಲೆಗಳಿಗೆ ಮೊದಲು ಕಾನೂನು ಮಾಡಿದ್ದು 1991ರಲ್ಲಿ ಮಿನೆಸೋಟ ರಾಜ್ಯ. ನ್ಯೂಜೆರ್ಸಿಯ ಕಾನೂನು 1995ರದ್ದು. ಇಲ್ಲಿ ಪರವಾನಗಿ ಕೊಡುವುದು ರಾಜ್ಯದ ಶಿಕ್ಷಣ ಕಮಿಷನರ್. ಮೊದಲ ಸಲ 4 ವರ್ಷಕ್ಕೆ ಕೊಡುತ್ತಾರೆ, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಕೆಲಸ ಸರಿಯಿಲ್ಲದಿದ್ದರೆ ಪರವಾನಗಿ ವಾಪಸ್ ಪಡೆಯುವ ಅಧಿಕಾರವೂ ಅವರಿಗಿದೆ. ಆದ್ದರಿಂದ ಶಾಲೆಗೆ ಹಾಕುವ ಮೊದಲ ಪ್ರಶ್ನೆ ಇದು: ನಿಮ್ಮ ಪರವಾನಗಿ ಯಾವ ವರ್ಷಕ್ಕೆ ಮುಗಿಯುತ್ತದೆ? ಕಳೆದ ಸಲ ನವೀಕರಿಸುವಾಗ ಏನಾದರೂ ಷರತ್ತು ಹಾಕಿದ್ದರಾ? ಮಗು ಎರಡನೇ ಕ್ಲಾಸಿನಲ್ಲಿರುವಾಗ ಶಾಲೆ ಮುಚ್ಚಿದರೆ ಏನು ಗತಿ, ಅಲ್ವಾ?

'ಚಾರ್ಟರ್' ಎಂಬ ಹೆಸರಿನಲ್ಲೇ ಏನೋ ಗುಣ ಇದೆ ಎಂದುಕೊಳ್ಳಬೇಡಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಸಂಸ್ಥೆ 2023ರಲ್ಲಿ ಒಂದು ದೊಡ್ಡ ಅಧ್ಯಯನ ಹೊರತಂದಿತು. ಪಬ್ಲಿಕ್ ಶಾಲೆಯ ಅಂಥದ್ದೇ ಮಕ್ಕಳಿಗೆ ಹೋಲಿಸಿದರೆ ಚಾರ್ಟರ್ ಮಕ್ಕಳು ವರ್ಷಕ್ಕೆ ಓದಿನಲ್ಲಿ ಸರಾಸರಿ 16 ದಿನದಷ್ಟು, ಗಣಿತದಲ್ಲಿ 6 ದಿನದಷ್ಟು ಹೆಚ್ಚು ಕಲಿತಿದ್ದರು. ವರ್ಷದ 180 ಶಾಲಾ ದಿನಗಳಲ್ಲಿ ಇದು ಸಣ್ಣ ಅಂತರ. ಈ ಸರಾಸರಿಯ ಒಳಗೆ ತುಂಬಾ ಒಳ್ಳೆಯ ಶಾಲೆಗಳೂ ಇವೆ, ತೀರಾ ಹಿಂದೆ ಬಿದ್ದವೂ ಇವೆ. ನಿಮಗೆ ಬೇಕಿರುವುದು ನಿಮ್ಮ ಮನೆ ಹತ್ತಿರದ ಆ ಒಂದು ಶಾಲೆಯ ಲೆಕ್ಕ.

ಶೇಕಡಾವಾರು ನೋಡುವ ಮುಂಚೆ ತಲೆ ಎಣಿಸಿ

ಇಡೀ ಲೇಖನದಲ್ಲಿ ಒಂದೇ ಕೆಲಸ ಮಾಡುತ್ತೀರಿ ಅಂದರೆ ಇದನ್ನು ಮಾಡಿ. ನ್ಯೂಜೆರ್ಸಿ ಶಿಕ್ಷಣ ಇಲಾಖೆ ಪ್ರತಿ ವರ್ಷ ಪ್ರತಿ ಶಾಲೆಗೂ 'ಸ್ಕೂಲ್ ಪರ್ಫಾರ್ಮೆನ್ಸ್ ರಿಪೋರ್ಟ್' ಹೊರಡಿಸುತ್ತದೆ. ಆನ್‌ಲೈನ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ಎಲ್ಲರೂ ಅದರಲ್ಲಿ ನೇರವಾಗಿ ಪರೀಕ್ಷೆಯ ಫಲಿತಾಂಶಕ್ಕೆ ಹೋಗುತ್ತಾರೆ. ನೀವು ಯಾವ ಕ್ಲಾಸಿನಲ್ಲಿ ಎಷ್ಟು ಮಕ್ಕಳಿದ್ದಾರೆ ಎನ್ನುವ ಪಟ್ಟಿಗೆ ಹೋಗಿ. ಮೂರು ವರ್ಷದ ಸಂಖ್ಯೆ ಇಟ್ಟುಕೊಂಡು ಓರೆಯಾಗಿ ಓದಿ: ಮೊದಲ ವರ್ಷದ ಮೂರನೇ ಕ್ಲಾಸು, ಮರುವರ್ಷದ ನಾಲ್ಕನೇ ಕ್ಲಾಸು, ಅದರ ಮರುವರ್ಷದ ಐದನೇ ಕ್ಲಾಸು. ಅದು ಒಂದೇ ಬ್ಯಾಚು. 60 ಇದ್ದದ್ದು 54, ಆಮೇಲೆ 47 ಆಗಿದ್ದರೆ 13 ಮಕ್ಕಳ ಜಾಗ ಖಾಲಿಯಾಗಿದೆ, ಯಾರೂ ಬಂದು ತುಂಬಿಲ್ಲ ಎಂದರ್ಥ.

ಇದು ಯಾಕೆ ಮುಖ್ಯ? ಒಂದು ಲೆಕ್ಕ ನೋಡಿ. ಬ್ಯಾಚಿನಲ್ಲಿ 60 ಮಕ್ಕಳಿದ್ದು 30 ಮಂದಿ ಪಾಸಾದರೆ ಫಲಿತಾಂಶ ಶೇ. 50. ಪಾಸಾಗದ 20 ಮಕ್ಕಳು ಶಾಲೆ ಬಿಟ್ಟು ಹೋದರು, ಆ ಸೀಟುಗಳನ್ನು ಹಾಗೇ ಬಿಟ್ಟರು ಅಂದುಕೊಳ್ಳಿ. ಈಗ 40ರಲ್ಲಿ 30, ಅಂದರೆ ಶೇ. 75! ಒಂದು ಮಗುವೂ ಒಂದಕ್ಷರ ಹೆಚ್ಚು ಕಲಿತಿಲ್ಲ, ಶಾಲೆಯ ಹೆಸರು ಮಾತ್ರ ಮೇಲೇರಿತು. ನಮಗೆ ಇದು ಹೊಸದೇನಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ಎಂದು ಗೇಟಿಗೆ ಫ್ಲೆಕ್ಸ್ ಕಟ್ಟುವ ಕೆಲವು ಶಾಲೆಗಳು ಒಂಬತ್ತನೇ ಕ್ಲಾಸಿನಲ್ಲೇ ಯಾರ ಕೈಗೆ ಟಿಸಿ ಕೊಟ್ಟು ಕಳಿಸುತ್ತವೆ ಅಂತ ಊರಲ್ಲಿ ಎಲ್ಲರಿಗೂ ಗೊತ್ತು. ಆ ಮಕ್ಕಳ ಅಪ್ಪ ಅಮ್ಮ ಪಡುವ ಸಂಕಟ ನೋಡಿದವರು ಇಲ್ಲಿ ಬಂದು ಬರೀ ಪರ್ಸೆಂಟ್ ನೋಡಿ ಶಾಲೆ ಆರಿಸಬಾರದು.

ಹಾಗಂತ ಮಕ್ಕಳು ಕಡಿಮೆಯಾದ ಕೂಡಲೇ ಶಾಲೆಯ ತಪ್ಪು ಅನ್ನಲೂ ಆಗುವುದಿಲ್ಲ. ಇದು ಜನ ಬಂದು ಹೋಗುವ ಊರು. ಬಾಡಿಗೆ ಏರುತ್ತದೆ, ಕೆಲಸ ಬದಲಾಗುತ್ತದೆ, ಎರಡನೇ ಮಗುವಾದ ಮೇಲೆ ದೊಡ್ಡ ಮನೆ ಹುಡುಕಿಕೊಂಡು ಹೊರಗೆ ಹೋಗುತ್ತಾರೆ. ಅದಕ್ಕೇ ಅಕ್ಕಪಕ್ಕದ ಪಬ್ಲಿಕ್ ಶಾಲೆಯ ಅದೇ ವರ್ಷಗಳ ಸಂಖ್ಯೆಯನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಸಂಖ್ಯೆ ಅಲುಗಾಡದೆ ನಿಂತಿದ್ದರೂ ಪ್ರಶ್ನೆ ಕೇಳಿ: ಕಳೆದ ವರ್ಷ ಎಷ್ಟು ಮಕ್ಕಳು ಬಿಟ್ಟರು, ಯಾವ ಕ್ಲಾಸಿನವರೆಗೆ ಖಾಲಿ ಸೀಟಿಗೆ ವೇಟಿಂಗ್ ಲಿಸ್ಟಿನಿಂದ ಕರೆಯುತ್ತೀರಿ? ನೇರವಾಗಿ ಉತ್ತರ ಕೊಡುವ ಪ್ರಿನ್ಸಿಪಾಲರ ಮೇಲೆ ನನಗೆ ನಂಬಿಕೆ ಹುಟ್ಟುತ್ತದೆ.

ಆಮೇಲೆ ಪರೀಕ್ಷೆಯ ಅಂಕ

ಮೂರನೇ ಕ್ಲಾಸಿನಿಂದ ಮಕ್ಕಳು ರಾಜ್ಯದ ಪರೀಕ್ಷೆ ಬರೆಯುತ್ತಾರೆ. ಎಷ್ಟು ಮಕ್ಕಳು ಮಟ್ಟ ಮುಟ್ಟಿದರು ಎನ್ನುವುದಕ್ಕಿಂತ, ಅದೇ ವರದಿಯಲ್ಲಿರುವ 'ಮೀಡಿಯನ್ ಸ್ಟೂಡೆಂಟ್ ಗ್ರೋತ್ ಪರ್ಸೆಂಟೈಲ್' ಎಂಬ ಸಂಖ್ಯೆ ಹೆಚ್ಚು ಹೇಳುತ್ತದೆ. ಹಿಂದಿನ ವರ್ಷ ಇದೇ ಮಟ್ಟದಲ್ಲಿದ್ದ ರಾಜ್ಯದ ಇತರ ಮಕ್ಕಳಿಗೆ ಹೋಲಿಸಿದರೆ ಈ ಶಾಲೆಯ ಮಗು ಈ ವರ್ಷ ಎಷ್ಟು ಮುಂದೆ ಬಂತು ಎನ್ನುವುದು ಅದು. 50ರ ಆಸುಪಾಸು ಇದ್ದರೆ ಸಾಧಾರಣ. ಅದಕ್ಕಿಂತ ಚೆನ್ನಾಗಿ ಮೇಲಿದ್ದರೆ, ಅದೂ ಎರಡು ಮೂರು ವರ್ಷ ಬಿಡದೆ ಇದ್ದರೆ, ಅಲ್ಲಿ ಪಾಠ ನಡೆಯುತ್ತಿದೆ. ಓದಿಕೊಂಡ ಮನೆಯ ಮಕ್ಕಳೇ ತುಂಬಿರುವ ಶಾಲೆಯ ಅಂಕ ಹೇಗೂ ಜಾಸ್ತಿ ಬರುತ್ತದೆ, ಶಾಲೆ ಮಾಡಿದ್ದೆಷ್ಟು ಅಂತ ಗೊತ್ತಾಗುವುದು ಈ ಸಂಖ್ಯೆಯಲ್ಲಿ.

ಅದೇ ವರದಿಯಲ್ಲಿ ಇನ್ನೆರಡು ಕಡೆ ಕಣ್ಣಾಡಿಸಿ. ಶೇ. 10 ಅಥವಾ ಅದಕ್ಕಿಂತ ಹೆಚ್ಚು ದಿನ ಗೈರಾದ ಮಕ್ಕಳು ಎಷ್ಟು, ಅಂದರೆ ವರ್ಷದಲ್ಲಿ ಸುಮಾರು 18 ದಿನ. ಮತ್ತು ಆ ಶಾಲೆಯಲ್ಲಿ ನಾಲ್ಕು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಂತ ಟೀಚರ್‌ಗಳು ಎಷ್ಟು. ಪ್ರತಿ ಸೆಪ್ಟೆಂಬರಿಗೂ ಅರ್ಧ ಸ್ಟಾಫ್ ಹೊಸಬರಾಗಿದ್ದರೆ ಯಾವ ಒಳ್ಳೆಯ ಯೋಜನೆಯೂ ಉಳಿಯುವುದಿಲ್ಲ.

ಶಾಲೆಗೆ ಹೋಗಿ ನೋಡಿ, ಓಪನ್ ಹೌಸ್ ದಿನ ಬಿಟ್ಟು

ಓಪನ್ ಹೌಸ್ ದಿನ ಎಲ್ಲವೂ ಚಂದವೇ ಇರುತ್ತದೆ. ಫೋನ್ ಮಾಡಿ, ಮಾಮೂಲಿ ದಿನ ಬರಬಹುದಾ ಕೇಳಿ. ಹೋದಾಗ ನಾಲ್ಕನೇ ಕ್ಲಾಸಿನ ಮಕ್ಕಳು ಬರೆದ ಪ್ರಬಂಧಗಳನ್ನು ತೋರಿಸಲು ಹೇಳಿ. ಗೋಡೆಗೆ ಅಂಟಿಸಿದ್ದು ಬೇಡ, ಮಧ್ಯದ ಒಂದು ನೋಟ್‌ಬುಕ್ ಸಾಕು. ಟೀಚರ್ ಸುಮ್ನೆ ಒಂದು ಸ್ಟಿಕರ್ ಅಂಟಿಸಿ ಬಿಟ್ಟಿದ್ದಾರಾ, ಅಥವಾ 'ಇಲ್ಲಿ ಕಾರಣ ಹೇಳಿಲ್ಲ, ಇನ್ನೊಂದು ವಾಕ್ಯ ಸೇರಿಸು' ಅಂತ ಬರೆದಿದ್ದಾರಾ? ಮಗು ಅದನ್ನು ತಿದ್ದಿ ಮತ್ತೆ ಬರೆದಿದೆಯಾ? ಮತ್ತೆ ಬರೆದ ಆ ನಾಲ್ಕು ಸಾಲು ಸಿಕ್ಕರೆ ಅಲ್ಲಿ ಯಾರೋ ಮಗುವಿನ ಜೊತೆ ಕೂತು ಕಲಿಸುತ್ತಿದ್ದಾರೆ ಎಂದು ನಾನು ನಂಬುತ್ತೇನೆ.

ಕಟ್ಟಡವನ್ನೂ ನೋಡಿ. ಊರೊಳಗಿನ ಚಾರ್ಟರ್ ಶಾಲೆಗಳಿಗೆ ಸ್ವಂತ ಕಟ್ಟಡ ಕಟ್ಟಲು ದುಡ್ಡು ಹೊಂದಿಸುವುದು ಕಷ್ಟ. ಎಷ್ಟೋ ಶಾಲೆಗಳು ಬಾಡಿಗೆ ಜಾಗದಲ್ಲಿವೆ, ಆಟದ ಮೈದಾನ ಇರದೇ ಇರಬಹುದು. ಮಕ್ಕಳನ್ನು ಹತ್ತಿರದ ಪಾರ್ಕಿಗೆ ಕರೆದುಕೊಂಡು ಹೋಗುತ್ತಾರಾ, ಮಳೆ ಹಿಮ ಬಿದ್ದಾಗ ಎಲ್ಲಿ ಆಡಿಸುತ್ತಾರೆ, ಕೇಳಿ. ಊಟದ ಬಗ್ಗೆಯೂ ನಾಚಿಕೆ ಬೇಡ: ಮೊಟ್ಟೆ ಮಾಂಸ ತಿನ್ನದ ಮಗುವಿಗೆ ವಾರವಿಡೀ ಚೀಸ್ ಪಿಜ್ಜಾನೇನಾ? ಮನೆಯ ಡಬ್ಬಿ ತರಬಹುದಾ?

ಕಷ್ಟದಲ್ಲಿರುವ ಮಗುವಿಗೆ ಏನು ಮಾಡುತ್ತಾರೆ?

ನಿಮ್ಮ ಮಗು ಜಾಣ ಅಂತಲೇ ಇಟ್ಟುಕೊಳ್ಳಿ, ಆದರೂ ಈ ಪ್ರಶ್ನೆ ಕೇಳಿ. ಕಲಿಕೆಯಲ್ಲಿ ತೊಂದರೆ ಇರುವ ಮಗುವಿಗೆ ಅಮೆರಿಕದ ಕಾನೂನಿನ ಪ್ರಕಾರ ಐಇಪಿ ಎಂಬ ಲಿಖಿತ ಯೋಜನೆ ಮಾಡಬೇಕು. ಚಾರ್ಟರ್ ಶಾಲೆಗೂ ಇದು ಕಡ್ಡಾಯ. 'ನಮ್ಮಲ್ಲಿ ಅಂಥ ಸೌಲಭ್ಯ ಇಲ್ಲ, ನಿಮ್ಮ ಮಗುವಿಗೆ ಬೇರೆ ಶಾಲೆಯೇ ಸರಿ' ಎಂದು ಯಾರಾದರೂ ಸೌಮ್ಯವಾಗಿ ಹೇಳಿದರೆ ಅದು ಸಲಹೆಯಂತೆ ಕೇಳಿಸಬಹುದು, ಆದರೆ ಹಾಗೆ ಕೈ ತೊಳೆದುಕೊಳ್ಳಲು ಅವರಿಗೆ ಹಕ್ಕಿಲ್ಲ. ವಿಶೇಷ ಮಕ್ಕಳು, ಇಂಗ್ಲಿಷ್ ಈಗಷ್ಟೇ ಕಲಿಯುತ್ತಿರುವ ಮಕ್ಕಳು ಶಾಲೆಯಲ್ಲಿ ಶೇಕಡಾ ಎಷ್ಟು, ಇಡೀ ಜರ್ಸಿ ಸಿಟಿಯ ಪಬ್ಲಿಕ್ ಶಾಲೆಗಳಲ್ಲಿ ಎಷ್ಟು ಅಂತ ಹೋಲಿಸಿ. ತೀರಾ ಕಡಿಮೆ ಇದ್ದರೆ ಕಾರಣ ಕೇಳಿ. ಮನೆಯಲ್ಲಿ ಬರೀ ಕನ್ನಡ ಮಾತಾಡಿ ಬೆಳೆದ ಮಗು, ಊರಿಂದ ನೇರ ಬಂದ ಮಗು ನಾಳೆ ಅದೇ ಪಟ್ಟಿಯಲ್ಲಿ ಇರುತ್ತದೆ. ಶಿಸ್ತಿನ ನಿಯಮದ ಪುಸ್ತಕವನ್ನೂ ಕೇಳಿ ತೆಗೆದುಕೊಳ್ಳಿ. ಸಣ್ಣ ತಪ್ಪಿಗೂ ಮಗುವನ್ನು ಮನೆಗೆ ಕಳಿಸುವ ಪದ್ಧತಿ ಇದ್ದರೆ ಅದರಲ್ಲೇ ಬರೆದಿರುತ್ತದೆ.

ಒಂದು ಸಂಜೆ ಮಂಡಳಿಯ ಸಭೆಗೆ ಹೋಗಿ

ಚಾರ್ಟರ್ ಶಾಲೆಯ ಆಡಳಿತ ಮಂಡಳಿಯ ಸಭೆಗಳಿಗೂ ನ್ಯೂಜೆರ್ಸಿಯ ಬಹಿರಂಗ ಸಭೆಗಳ ಕಾನೂನು ಅನ್ವಯಿಸುತ್ತದೆ. ಸಭೆಯ ಬಹುಭಾಗ ಯಾರು ಬೇಕಾದರೂ ಹೋಗಿ ಕೂರಬಹುದು. ಬಜೆಟ್, ಕಟ್ಟಡದ ಲೀಸ್, ರಾಜೀನಾಮೆ ಕೊಟ್ಟ ಟೀಚರ್‌ಗಳು, ಎಲ್ಲ ಅಲ್ಲಿ ಬರುತ್ತದೆ. ಹೋಗಲು ಆಗದಿದ್ದರೆ ಹಿಂದಿನ ಸಭೆಗಳ ನಡಾವಳಿ ಓದಿ.

ಅರ್ಜಿ, ಲಾಟರಿ

ಮುಂದಿನ ಸೆಪ್ಟೆಂಬರಿಗೆ ಸೀಟು ಬೇಕಿದ್ದರೆ ಹಿಂದಿನ ಚಳಿಗಾಲಕ್ಕೆ ಮೊದಲೇ ವಿಚಾರಿಸಲು ಶುರು ಮಾಡಿ. ದಿನಾಂಕ ಶಾಲೆಯಿಂದ ಶಾಲೆಗೆ ಬೇರೆ. ಊರಿನ ನಿವಾಸಿಗಳಿಗೆ ಮೊದಲ ಅವಕಾಶ, ಆದ್ದರಿಂದ ಬಾಡಿಗೆ ಕರಾರು, ಕರೆಂಟ್ ಬಿಲ್ ಕೈಯಲ್ಲಿರಲಿ. ಅಣ್ಣನೋ ಅಕ್ಕನೋ ಅಲ್ಲೇ ಓದುತ್ತಿದ್ದರೆ ಸಾಮಾನ್ಯವಾಗಿ ಆದ್ಯತೆ ಸಿಗುತ್ತದೆ. ವೀಸಾದ ಬಗ್ಗೆ ಹೆದರಬೇಡಿ. 1982ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಯಾವ ವಲಸೆ ಸ್ಥಿತಿಯ ಮಗುವಿಗೂ ಪಬ್ಲಿಕ್ ಶಾಲೆ ಬಾಗಿಲು ಮುಚ್ಚುವಂತಿಲ್ಲ. ಅಪ್ಪ ಅಮ್ಮನ ಕೆಲಸದ ವೀಸಾದ ಜೊತೆ ಬರುವ ಎಚ್4 ವೀಸಾದ ಮಗುವಿಗೆ ಫೀಸ್ ಇಲ್ಲದ ಓದು ಹಕ್ಕಿನಿಂದಲೇ ಸಿಗುತ್ತದೆ.

ಲಾಟರಿಯಲ್ಲಿ ಹೆಸರು ಬಂದರೂ ಬರದಿದ್ದರೂ ಏರಿಯಾದ ಪಬ್ಲಿಕ್ ಶಾಲೆಯಲ್ಲಿ ನೋಂದಣಿ ಮಾಡಿಸಿಡಿ. ವೇಟಿಂಗ್ ಲಿಸ್ಟಿನಲ್ಲಿ ನಿಮ್ಮ ನಂಬರ್ ಎಷ್ಟು, ಪಟ್ಟಿ ಎಷ್ಟು ದಿನ ಜೀವಂತ, ಕರೆ ಬಂದರೆ ಉತ್ತರಿಸಲು ಎಷ್ಟು ಗಂಟೆ ಸಮಯ ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಶಾಲೆ ಶುರುವಾದ ಮೇಲೆ ಸೆಪ್ಟೆಂಬರಿನಲ್ಲೂ ಸೀಟು ಖಾಲಿಯಾಗಿ ಫೋನ್ ಬರುವುದುಂಟು. ಅಷ್ಟೊತ್ತಿಗೆ ಮಗು ಇನ್ನೊಂದು ಕ್ಲಾಸಿಗೆ ಹೊಂದಿಕೊಂಡಿರುತ್ತದೆ, ಹಾಗಾಗಿ ಆ ಫೋನಿಗೆ ಏನು ಹೇಳುವುದು ಎಂದು ಮನೆಯಲ್ಲಿ ಬೇಸಿಗೆ ರಜೆಯಲ್ಲೇ ಮಾತಾಡಿಕೊಂಡಿರಿ.