ಸೀರೆ ಅಂಗಡಿಯಲ್ಲಿ ಕಸೂತಿಗೊಂದು ಕೆಲಸ

ಕೈಮಗ್ಗದ ಸೀರೆ ಅಂಗಡಿಗೆ ನಮ್ಮ ಸಂಪ್ರದಾಯದ ಕಳೆ ಬೇಕು ಅಂದರೆ ಸಾಮಾನ್ಯವಾಗಿ ಏನು ಮಾಡುತ್ತಾರೆ ಅಂತ ಗೊತ್ತೇ ಇದೆ ಅಲ್ವಾ? ಬಾಗಿಲ ಪಕ್ಕ ಒಂದು ಹಳೇ ರಾಟೆ ಇಡುತ್ತಾರೆ. ಗೋಡೆಗೆ ಲಾಳಿಗಳನ್ನು ಮೊಳೆ ಹೊಡೆದು ಕೂರಿಸುತ್ತಾರೆ. ಒಂದು ಕಂಬಕ್ಕೆ ಕಸೂತಿ ಚಿತ್ರದ ವಾಲ್‌ಪೇಪರ್ ಅಂಟಿಸುತ್ತಾರೆ. ನನಗೆ ಇದು ಯಾವತ್ತೂ ಹಿಡಿಸಿಲ್ಲ. ಲಾಳಿ ಮಗ್ಗದಲ್ಲಿ ಓಡಬೇಕಾದ ಸಾಮಾನು. ಅದನ್ನು ಗೋಡೆಗೆ ಹೊಡೆದರೆ ಅದಕ್ಕೂ ಮರ್ಯಾದೆ ಇಲ್ಲ, ನೇಕಾರರಿಗೂ ಇಲ್ಲ.

ಹುಬ್ಬಳ್ಳಿಯ ಹಳೇ ಪೇಟೆಯಲ್ಲಿ ಇಳಕಲ್ ಸೀರೆ ಮತ್ತು ಗುಳೇದಗುಡ್ಡ ಖಣದ (ರವಿಕೆ ಬಟ್ಟೆಯ) ಅಂಗಡಿಯೊಂದರ ಒಳಾಂಗಣ ಮಾಡುವ ಕೆಲಸ ಸಿಕ್ಕಾಗ ನಾನು ಒಂದೇ ನಿಯಮ ಇಟ್ಟುಕೊಂಡೆ. ಒಳಗೆ ಬರುವ ಕೈಕಸುಬಿನ ಪ್ರತಿ ವಸ್ತುವಿಗೂ ಅಂಗಡಿಯಲ್ಲಿ ಒಂದು ಕೆಲಸ ಇರಬೇಕು. ಸುಮ್ನೆ ಅಂದಕ್ಕೆ ಅಂತ ಏನೂ ಬೇಡ.

ಮೊದಲು ತಲೆ ಕೆಡಿಸಿಕೊಂಡಿದ್ದು ಬೆಳಕಿನ ಬಗ್ಗೆ. ಇಳಕಲ್ ಸೀರೆಯ ಜೀವ ಇರುವುದು ಅದರ ಕೆಂಪು ಸೆರಗಿನಲ್ಲಿ. ಕೆಂಪಿನ ಮೇಲೆ ಬಿಳಿಯಲ್ಲಿ ಹಣಿಗೆ, ಜೋಳದ ತೆನೆ ಎಲ್ಲ ಮೂಡಿರುತ್ತದೆ. ಆದರೆ ಅಂಗಡಿಯ ಹಳೇ ಎಲ್‌ಇಡಿ ದೀಪಗಳಡಿ ಆ ಕೆಂಪು ಕಂದಿದ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಗಿರಾಕಿಗಳು ಸೀರೆ ಹಿಡಿದು ರಸ್ತೆಗೆ ಓಡಿ ಬಿಸಿಲಲ್ಲಿ ನೋಡುತ್ತಿದ್ದರು. ಕಾರಣ ಇಷ್ಟೇ. ದೀಪದಡಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅಂತ ಹೇಳುವ ಅಂಕಿ ಸಿಆರ್‌ಐ. ಡಬ್ಬದ ಮೇಲೆ ಬರೆದಿರುವ ಸಿಆರ್‌ಐ 80 ಅನ್ನುವುದು ಎಂಟು ತಿಳಿ ಬಣ್ಣಗಳ ಸರಾಸರಿ. ಗಾಢ ಕೆಂಪು ಆ ಎಂಟರಲ್ಲಿ ಇಲ್ಲವೇ ಇಲ್ಲ. ಅದಕ್ಕೆ ಆರ್9 ಅನ್ನುವ ಬೇರೆ ಅಂಕಿ ಇದೆ. ಸಿಆರ್‌ಐ 80 ಇರುವ ಅಗ್ಗದ ದೀಪದಲ್ಲಿ ಆರ್9 ಸೊನ್ನೆಯ ಹತ್ತಿರವೂ ಇರಬಹುದು. ನಾನು ಸಿಆರ್‌ಐ 90ಕ್ಕಿಂತ ಜಾಸ್ತಿ, ಆರ್9 ಕನಿಷ್ಠ 50 ಇರುವ ದೀಪಗಳನ್ನೇ ಬೇಕು ಅಂತ ಹಟ ಹಿಡಿದೆ. ಸೀರೆ ಬಿಚ್ಚಿ ತೋರಿಸುವ ಜಾಗಕ್ಕೆಲ್ಲ ಬೆಳಕಿನ ಛಾಯೆ ಒಂದೇ, 4000 ಕೆಲ್ವಿನ್. ಒಂದು ಕಡೆ ಹಳದಿ, ಇನ್ನೊಂದು ಕಡೆ ಬಿಳಿ ಬೆಳಕು ಬಿದ್ದರೆ ಒಂದೇ ಸೀರೆ ಎರಡು ಬಣ್ಣ ಕಾಣುತ್ತದೆ. ದೀಪವನ್ನು ನೇರ ತಲೆ ಮೇಲೆ ಹಾಕದೆ ಸ್ವಲ್ಪ ಓರೆಯಾಗಿ ಬೀಳಿಸಿದೆ. ಓರೆ ಬೆಳಕಿನಲ್ಲಿ ನೇಯ್ಗೆಯ ಏರಿಳಿತ ಕಾಣುತ್ತದೆ.

ಬೆಳಕು ಸರಿಯಾದರೂ ಗೋಡೆ ತಪ್ಪಾದರೆ ಪ್ರಯೋಜನವಿಲ್ಲ. ಗಾಢ ಬಣ್ಣದ ಗೋಡೆ ತನ್ನ ಛಾಯೆಯನ್ನು ಬಟ್ಟೆಯ ಮೇಲೆ ಚೆಲ್ಲುತ್ತದೆ. ಹಾಗಾಗಿ ಗೋಡೆಗೆ ಸುಣ್ಣದ ಬಿಳಿ. ನೆಲದಲ್ಲಿ ಮೊದಲೇ ಶಹಾಬಾದ್ ಕಲ್ಲಿನ ಹಾಸು ಇತ್ತು. ಅದನ್ನು ಕಿತ್ತು ಹೊಳೆಯುವ ಟೈಲ್ಸ್ ಹಾಕಿಸುವ ಆಲೋಚನೆ ಮಾಲೀಕರ ಮನೆಯ ಕಿರಿಯರಿಗೆ ಇತ್ತು. ನಾನು ಬೇಡ ಅಂದೆ. ಆ ಬೂದು ಕಲ್ಲು ಯಾವ ಬಣ್ಣಕ್ಕೂ ಅಡ್ಡ ಬರುವುದಿಲ್ಲ. ತಿಕ್ಕಿಸಿ, ಸಂದುಗಳನ್ನು ಮತ್ತೆ ತುಂಬಿಸಿದೆವು, ಅಷ್ಟೇ.

ಇನ್ನು ಗಾದಿ. ಉತ್ತರ ಕರ್ನಾಟಕದ ಅರಿವೆ ಅಂಗಡಿ ಅಂದರೆ ಬಿಳಿ ಬಟ್ಟೆ ಹಾಸಿದ ಗಾದಿ, ಒರಗಲು ಲೋಡು. ಅದನ್ನು ತೆಗೆದು ಗಾಜಿನ ಕೌಂಟರ್, ಕುರ್ಚಿ ಹಾಕಬೇಕೋ ಬೇಡವೋ ಅನ್ನುವ ಮಾತು ಬಂತು. ಅಂಗಡಿಯ ಹಿರಿಯರು ಒಂದೇ ಮಾತು ಹೇಳಿದರು: "ಮೇಡಂ, ಗಾದಿ ತಗದ್ರ ನಮ್ಮ ಹಳೀ ಗಿರಾಕಿ ಬರಂಗಿಲ್ಲರೀ." ಅವರ ಮಾತು ನೂರಕ್ಕೆ ನೂರು ಸರಿ. ಆರು ಗಜದ ಸೀರೆಯನ್ನು ಒಮ್ಮೆಗೇ ಹರವಿ ತೋರಿಸಲು ಗಾಜಿನ ಕೌಂಟರ್ ಸಾಲುವುದಿಲ್ಲ. ಹದಿನೆಂಟು ಮೊಳದ ಸೀರೆಯಂತೂ ದೂರದ ಮಾತು. ಆದರೆ ಮಂಡಿ ನೋವಿನ ಅಜ್ಜಿಯರು ನೆಲದ ಗಾದಿಯಿಂದ ಏಳಲು ಪಡುವ ಕಷ್ಟವನ್ನೂ ನಾನು ನೋಡಿದ್ದೆ. ಅದಕ್ಕೆ ನಮ್ಮ ಕಡೆ ಮನೆಗಳ ಮುಂದಿನ ಕಟ್ಟೆಯನ್ನೇ ಒಳಗೆ ತಂದೆ. 18 ಇಂಚು ಎತ್ತರ, 6 ಅಡಿ ಅಗಲ. ಸೀರೆಯ ಪನ್ನ (ಬಟ್ಟೆಯ ಅಗಲ) ಸುಮಾರು 45 ಇಂಚು, ಮಾರುವವರು ಚಕ್ಕಳಮಕ್ಕಳ ಹಾಕಿ ಕೂರಲು 2 ಅಡಿ, ಈ ಎರಡು ಕೂಡಿ, ಸ್ವಲ್ಪ ಹೆಚ್ಚೇ ಇಟ್ಟುಕೊಂಡ ಲೆಕ್ಕ ಅದು. ಮೇಲೆ ಅದೇ ಬಿಳಿ ಗಾದಿ. ಬೇಕಾದವರು ಒಂದು ಮೆಟ್ಟಿಲು ಹತ್ತಿ ಮೊದಲಿನ ಹಾಗೆ ಮೇಲೆ ಕೂರುತ್ತಾರೆ. ಆಗದವರಿಗೆ ಎದುರು ಒಂದು ಬೆಂಚು. ಕಟ್ಟೆಯ ಅಂಚನ್ನು ಸ್ವಲ್ಪ ಮುಂದಕ್ಕೆ ಚಾಚಿಸಿದ್ದರಿಂದ ಅವರು ಕೆಳಗೆ ಪಾದ ಚಾಚಿಕೊಳ್ಳಬಹುದು.

ಬೆಂಚಿನ ಮೇಲೆ ನವಲಗುಂದದ ಜಮಖಾನ ಬಂತು. ಹೆಂಗಸರು ಮನೆಯಲ್ಲೇ ನೆಟ್ಟಗೆ ನಿಲ್ಲಿಸಿದ ಮಗ್ಗದಲ್ಲಿ ನೇಯುವ ಹತ್ತಿಯ ಹಾಸು ಅದು. ನಡುವೆ ಪಗಡೆ ಹಾಸಿನ ಚಿತ್ರ, ನವಿಲು. 2011ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಈಗ ನೇಯುವವರು ಬೆರಳೆಣಿಕೆಯಷ್ಟು. ಅದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಅಂತ ಹಲವರು ಹೇಳಿದರು. ಕೂರುವುದಕ್ಕೆ ಅಂತಲೇ ಗಟ್ಟಿಯಾಗಿ ನೇಯ್ದ ಬಟ್ಟೆ ಅದು. ಅದರ ಮೇಲೆ ಕೂತರೇ ಸರಿ.

ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಕಸೂತಿಯ ಕೆಲಸ. ಅಂಗಡಿಯ ಹಿಂಭಾಗದಲ್ಲಿ ಫಾಲ್ ಹಚ್ಚುವ, ಪಿಕೋ ಮಾಡುವ ಜಾಗ ಇದೆ. ಮುಂದಿನ ಭಾಗಕ್ಕೂ ಅದಕ್ಕೂ ನಡುವೆ ಒಂದು ತಡಿಕೆ ಬೇಕಿತ್ತು. ಗಿರಾಕಿಗಳು ಈ ಕಡೆಯಿಂದ ನೋಡುತ್ತಾರೆ, ಹೊಲಿಯುವವರು ದಿನವಿಡೀ ಆ ಕಡೆಯಿಂದ ನೋಡುತ್ತಾರೆ. ಅಂದರೆ ಎರಡೂ ಮುಖ ಚೆನ್ನಾಗಿರಬೇಕು. ಕಸೂತಿಯ ಗವಂತಿ ಮತ್ತು ಮುರಗಿ ಹೊಲಿಗೆಗಳ ಗುಣವೇ ಅದು. ಗವಂತಿಯಲ್ಲಿ ಒಂದು ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಿ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತಾರೆ. ಗಂಟು ಹಾಕುವುದಿಲ್ಲ. ಮುಂದೆ ಹೇಗೋ ಹಿಂದೆಯೂ ಹಾಗೆಯೇ. ಮುರಗಿ ಅದನ್ನೇ ಮೆಟ್ಟಿಲು ಮೆಟ್ಟಿಲಾಗಿ ಒಯ್ಯುತ್ತದೆ.

ನಾವು ಬಟ್ಟೆಯ ಬದಲು ಮರದ ಹಲಗೆ ತೆಗೆದುಕೊಂಡೆವು. ಪೆನ್ಸಿಲಿನಲ್ಲಿ ಇಂಚಿಗೊಂದು ಚುಕ್ಕಿ ಇಟ್ಟು, ವಿನ್ಯಾಸಕ್ಕೆ ಬೇಕಾದ ಚುಕ್ಕಿಗಳಲ್ಲಿ ಮಾತ್ರ ತೂತು ಕೊರೆಸಿದೆವು. ಎಲ್ಲ ಕಡೆ ಕೊರೆದರೆ ಹಲಗೆ ಜರಡಿ ಆಗುತ್ತದೆ, ಗಟ್ಟಿತನವೂ ಹೋಗುತ್ತದೆ. ತೂತಿನ ಅಂಚನ್ನು ಎರಡೂ ಬದಿ ಉಜ್ಜು ಕಾಗದದಿಂದ ನುಣುಪು ಮಾಡಿಸಲೇಬೇಕು, ಇಲ್ಲದಿದ್ದರೆ ಹುರಿ ಜುಂಜಾಗುತ್ತದೆ. ಹೊಲಿದಿದ್ದು ಹತ್ತಿಯ ಹುರಿಯಲ್ಲಿ. ಹೊಲಿದವರು ಧಾರವಾಡದ ಕಡೆಯ, ಕಸೂತಿಯಲ್ಲಿ ಕೈ ಪಳಗಿದ ಹೆಂಗಸರು. ಹಲಗೆ ನೋಡಿ ಹಿಂಜರಿಯುತ್ತಾರೇನೋ ಅಂದುಕೊಂಡಿದ್ದೆ. ಅವರಲ್ಲಿ ಹಿರಿಯರಾದ ಅಕ್ಕ ಹೇಳಿದ್ದು ಇಷ್ಟೇ: "ಅರಿವಿ ಮ್ಯಾಲ ಎಳಿ ಎಣಸ್ತೀವಿ, ಇಲ್ಲಿ ತೂತ ಎಣಸೂದು. ಅಷ್ಟ ಅಲ್ಲೇನವಾ?" ಕಸೂತಿಗೆ ಚಿತ್ರ ಬರೆದುಕೊಳ್ಳುವ ರೂಢಿ ಇಲ್ಲ, ಎಲ್ಲ ಎಣಿಕೆಯ ಲೆಕ್ಕ. ಹುರಿ ಮುಗಿದಾಗ ತುದಿಯನ್ನು ಹಿಂದಿನ ಹೊಲಿಗೆಯಡಿ ತೂರಿಸಿ ಮುಚ್ಚಿದರು, ಗಂಟು ಹಾಕಲಿಲ್ಲ.

ಮಾಲೀಕರಿಗೆ ಅಂಬಾರಿ ಹೊತ್ತ ತುಂಬು ಆನೆ ಬೇಕಿತ್ತು. ಅದನ್ನು ತುಂಬಲು ನೇಯ್ಗಿ ಹೊಲಿಗೆ ಹಾಕಬೇಕು, ಅದರ ಹಿಂಬದಿ ಮುಂಬದಿಯಂತೆ ಇರುವುದಿಲ್ಲ. ಹೊಲಿಯುವವರ ಕಡೆಗೆ ಬೆನ್ನು ತೋರಿಸುವ ಚಿತ್ರ ಬೇಡ ಅಂತ ನಾನು ಪಟ್ಟು ಹಿಡಿದೆ. ಗೋಪುರ ಮತ್ತು ತುಳಸಿಕಟ್ಟೆಗೆ ಒಪ್ಪಿದರು.

ಕಪಾಟಿನ ಅಳತೆಯನ್ನು ಖಣವೇ ಹೇಳಿತು. ಕಪಾಟಿಗೆ ಗಾಜಿನ ಬಾಗಿಲಿನ ಬದಲು ಖಣದ ಪರದೆ ಬಿಡುವ ಯೋಚನೆ ಇತ್ತು. ಹುಬ್ಬಳ್ಳಿಯ ಧೂಳಿಗೆ ಏನಾದರೂ ಮುಚ್ಚಿಗೆ ಬೇಕೇ ಬೇಕು. ಖಣದ ಪನ್ನ ಕಿರಿದು, ಎರಡೂ ಬದಿ ಅಂಚು ಇರುತ್ತದೆ. ಕಪಾಟು ಮೊದಲು ಮಾಡಿ ಆಮೇಲೆ ಬಟ್ಟೆ ಕತ್ತರಿಸಿದರೆ ಒಂದು ಅಂಚು ಹೋಯಿತು ಅಂತಲೇ. ಹಾಗಾಗಿ ಬಡಗಿಗೆ ಟೇಪಿನ ಜೊತೆ ಒಂದು ಖಣವನ್ನೂ ಕೊಟ್ಟು, ಪ್ರತಿ ಕಂಪಾರ್ಟ್‌ಮೆಂಟಿನ ಅಗಲ ಇದರಷ್ಟೇ ಇರಲಿ ಅಂದೆ. ಜರಿ ಸೀರೆ ಇಡುವ ಕಪಾಟುಗಳಿಗೆ ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿದ ಹಲಗೆ) ಬಳಸಲಿಲ್ಲ. ಅದರಿಂದ ಹೊರಡುವ ಆವಿ ಬೆಳ್ಳಿ ಜರಿಗೆ ಒಳ್ಳೆಯದಲ್ಲ. ಹಳೇ ಸಾಗವಾನಿ ಹಲಗೆ, ಮೇಲೆ ತೊಳೆದ ಹತ್ತಿ ಬಟ್ಟೆ.

ಡ್ರಾಯರ್ ಹಿಡಿಗಳು ಚನ್ನಪಟ್ಟಣದ ಅರಗಿನ ಕೆಲಸ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಶಾಖಕ್ಕೇ ಅರಗು ಕರಗಿ ಹಿಡಿಯುತ್ತದೆ. ಅಲ್ಲೂ ಬಣ್ಣಕ್ಕೆ ಕೆಲಸ ಕೊಟ್ಟೆವು: ಹಳದಿ ಹಿಡಿ ಹತ್ತಿ, ಕೆಂಪು ರೇಷ್ಮೆ, ಹಸಿರು ಖಣ. ಹೊಸ ಹುಡುಗರೂ ಕೇಳದೆ ತೆಗೆದು ಕೊಡುತ್ತಾರೆ. ಒಂದು ಎಚ್ಚರಿಕೆ ಮಾತ್ರ ಬೇಕು. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಸ್ಯಾನಿಟೈಸರ್ ಹಾಕಿ ಒರೆಸಿದರೆ ಹೊಳಪು ಹಾಳು. ಒಣ ಬಟ್ಟೆ ಸಾಕು.

ಇಳಕಲ್ ಸೀರೆಯ ತೋಪು ತೆನೆ ಜೋಡಣೆ ತೋರಿಸಲು ಕಟ್ಟೆಯ ಒಂದು ತುದಿಯಲ್ಲಿ ಜಾಗ ಮಾಡಿದೆ. ಈ ಸೀರೆಯಲ್ಲಿ ಮೈಯ ಹಾಸು (ಮಗ್ಗಕ್ಕೆ ಹೂಡುವ ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸುತ್ತಾರೆ. ಅದಕ್ಕೇ ಪ್ರತಿ ಸೀರೆಗೂ ಬೇರೆಯೇ ಹಾಸು ಹೂಡಬೇಕು. ಅಲ್ಲಿ ಒಂದು ಭೂತಗನ್ನಡಿ, ಒಂದು ಓರೆ ದೀಪ ಇದೆ. ಗಿರಾಕಿಗಳು ತಾವು ಕೊಳ್ಳುವ ಸೀರೆಯನ್ನೇ ಅದರಡಿ ಇಟ್ಟು ಜೋಡಣೆ ನೋಡುತ್ತಾರೆ. ಬೆಲೆ ಯಾಕೆ ಅಷ್ಟು ಅಂತ ಆಮೇಲೆ ಹೆಚ್ಚು ವಿವರಿಸಬೇಕಾಗಿಲ್ಲ.

ಇಂಥ ಕೆಲಸ ಮಾಡಿಸುವವರಿಗೆ ಒಂದು ಮಾತು. ಕಸೂತಿ, ನೇಯ್ಗೆ, ಅರಗಿನ ಕೆಲಸಗಳನ್ನು ಕಾಂಟ್ರಾಕ್ಟರ್ ಮೂಲಕ ಮಾಡಿಸಬೇಡಿ. ಮಾಡುವವರ ಹತ್ತಿರವೇ ಹೋಗಿ, ಮುಂಗಡ ಅವರ ಕೈಗೇ ಕೊಡಿ. ಜಮಖಾನದ ಆರ್ಡರನ್ನು ಬಡಗಿ ಬರುವುದಕ್ಕೂ ಮೊದಲೇ ಕೊಟ್ಟುಬಿಡಿ. ನೇಯುವವರು ಕಮ್ಮಿ, ಮನೆಗೆಲಸದ ನಡುವೆ ಕೂತು ನೇಯಬೇಕು, ಅವಸರ ಮಾಡುವ ಹಾಗಿಲ್ಲ.