ಕರಿಬೇವಿನ ಗಿಡವನ್ನು ಚಿಟ್ಟೆಗೆ ಬಿಟ್ಟುಕೊಟ್ಟ ಮೇಲೆ

ಮನೆಯಲ್ಲಿ ಚಿಟ್ಟೆ ತೋಟ ಮಾಡಬೇಕು ಅನ್ನುವವರು ಮೊದಲು ನರ್ಸರಿಗೆ ಹೋಗಿ ಬಣ್ಣಬಣ್ಣದ ಹೂವಿನ ಗಿಡ ತರುತ್ತಾರೆ. ಹೂವು ಬೇಕು, ನಿಜ. ಆದರೆ ಬರೀ ಹೂವಿದ್ದರೆ ಚಿಟ್ಟೆ ಬರುತ್ತದೆ, ಮಕರಂದ ಹೀರುತ್ತದೆ, ಹೊರಟು ಹೋಗುತ್ತದೆ. ನಮ್ಮನೆಯಲ್ಲೇ ಹುಟ್ಟಿ ಬೆಳೆಯಬೇಕಾದರೆ ಅದರ ಹುಳಕ್ಕೆ ತಿನ್ನಲು ಎಲೆ ಬೇಕು. ಅದೂ ಸಿಕ್ಕಿದ ಎಲೆಯಲ್ಲ. ಒಂದೊಂದು ಜಾತಿಗೂ ತನ್ನದೇ ಆದ ಗಿಡ ಇರುತ್ತದೆ, ಆ ಗಿಡ ಸಿಗದಿದ್ದರೆ ತಾಯಿ ಮೊಟ್ಟೆಯನ್ನೇ ಇಡುವುದಿಲ್ಲ.

ನಮ್ಮದು ಮೈಸೂರಿನಲ್ಲಿ 30/40 ಸೈಟಿನ ಮನೆ. ಗೇಟಿನ ಪಕ್ಕ ಒಂದು ಪಟ್ಟಿ ಮಣ್ಣು, ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಒಂದಿಷ್ಟು ಜಾಗ, ಮೇಲೆ ತಾರಸಿ. ಇಷ್ಟರಲ್ಲೇ ಮಾಡಿದ್ದು.

ಶುರುವಾಗಿದ್ದು ಕರಿಬೇವಿನಿಂದ. ಅದು ನಮ್ಮತ್ತೆ ನೆಟ್ಟ ಗಿಡ. ಮಳೆ ಬಿದ್ದು ಚಿಗುರಿದ ಕೂಡಲೇ ಹುಳ ಕಾಣಿಸಿಕೊಳ್ಳುತ್ತಿತ್ತು, ಅತ್ತೆ ಒಂದೊಂದೇ ಕಿತ್ತು ಆಚೆ ಎಸೆಯುತ್ತಿದ್ದರು. ಅವು ಚಿಟ್ಟೆಯ ಮರಿಗಳು ಎಂದು ನಾನು ಹೇಳಿದಾಗ ಅವರಿಗೆ ನಂಬಿಕೆ ಬರಲಿಲ್ಲ. "ಒಗ್ಗರಣೆಗೆ ಒಂದು ಎಸಳಿಲ್ಲ, ನೀನು ಹುಳ ಸಾಕ್ತೀನಿ ಅಂತೀಯಲ್ಲಮ್ಮ" ಅಂದರು. ಆಮೇಲೆ ನಮ್ಮಿಬ್ಬರಿಗೂ ಒಂದು ಒಪ್ಪಂದವಾಯಿತು. ಕರಿಬೇವಿನ ಬುಡದಲ್ಲಿ ಮರಿ ಗಿಡಗಳು ಏಳುತ್ತಿರುತ್ತವಲ್ಲ, ಅದರಲ್ಲಿ ಒಂದನ್ನು ಬೇರು ಸಮೇತ ಕಿತ್ತು ಕುಂಡದಲ್ಲಿ ನೆಟ್ಟೆ. ಕುಂಡದ್ದು ಅತ್ತೆಯದು, ಅದಕ್ಕೆ ಹಳೆ ಸೊಳ್ಳೆ ಪರದೆ ಹೊದಿಸಿದೆವು. ನೆಲದ್ದು ಚಿಟ್ಟೆಯದು. ಅಡುಗೆಮನೆಗೂ ಹುಳಕ್ಕೂ ಇಲ್ಲಿಯವರೆಗೆ ಜಗಳವಾಗಿಲ್ಲ.

ಕರಿಬೇವಿಗೆ ಮುಖ್ಯವಾಗಿ ಎರಡು ಚಿಟ್ಟೆ ಬರುತ್ತವೆ. ಕಪ್ಪು ರೆಕ್ಕೆಯ ಮೇಲೆ ಹಳದಿ ಮಚ್ಚೆಗಳ ನಿಂಬೆ ಚಿಟ್ಟೆ ಒಂದು, ಕಾಮನ್ ಮಾರ್ಮನ್ ಇನ್ನೊಂದು. ನಿಂಬೆ ಗಿಡ ಇದ್ದರೆ ಅದಕ್ಕೂ ಇವೇ ಬರುತ್ತವೆ. ತಾಯಿ ಚಿಟ್ಟೆ ಎಳೆ ಚಿಗುರನ್ನೇ ಹುಡುಕುತ್ತದೆ. ಎಲೆಯ ಮೇಲೆ ಆರಾಮಾಗಿ ಕೂರುವುದೂ ಇಲ್ಲ, ರೆಕ್ಕೆ ಬಡಿಯುತ್ತಲೇ ಹೊಟ್ಟೆ ಬಗ್ಗಿಸಿ ಒಂದು ಮೊಟ್ಟೆ ಅಂಟಿಸಿ ಮುಂದಿನ ಎಲೆಗೆ ಹೋಗುತ್ತದೆ. ಮೊಟ್ಟೆ ಒಂದು ಮಿಲಿಮೀಟರ್ ಇರಬಹುದು, ತಿಳಿ ಹಳದಿ, ದುಂಡಗೆ. ಮೂರು ನಾಲ್ಕು ದಿನಕ್ಕೆ ಒಡೆಯುತ್ತದೆ. ಹೊರಗೆ ಬಂದ ಹುಳ ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿನ್ನುತ್ತದೆ. ಆಮೇಲೆ ಮೊದಲ ಹಂತಗಳಲ್ಲಿ ಅದು ಹಕ್ಕಿ ಹಿಕ್ಕೆಯ ಹಾಗೆ ಕಾಣುತ್ತದೆ, ಕಂದು ಮೈ, ನಡುವೆ ಬಿಳಿ ಪಟ್ಟೆ. ಹಕ್ಕಿಗಳ ಕಣ್ಣು ತಪ್ಪಿಸಲು ಇದೇ ಉಪಾಯ. ಕೊನೆಯ ಸಲ ಪೊರೆ ಕಳಚಿದ ಮೇಲೆ ಇದ್ದಕ್ಕಿದ್ದಂತೆ ಎಲೆ ಹಸಿರು! ಒಂದು ಕಡ್ಡಿಯಲ್ಲಿ ಮೆಲ್ಲಗೆ ಮುಟ್ಟಿ ನೋಡಿ, ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಚಾಚುತ್ತದೆ, ಜೊತೆಗೆ ಘಾಟು ವಾಸನೆ. ಒಂದೇ ಸಲ ಸಾಕು, ಸುಮ್ನೆ ಮತ್ತೆ ಮತ್ತೆ ಕೆಣಕಬೇಡಿ.

ಹುಳ ಅತಿ ಹೆಚ್ಚು ತಿನ್ನುವುದು ಈ ಹಸಿರು ಹಂತದಲ್ಲಿ. ಕೆಲವೇ ದಿನಗಳಲ್ಲಿ ಕೊಂಬೆ ಬೋಳಾಗುತ್ತದೆ. ಹೆದರಬೇಡಿ. ಆರೋಗ್ಯವಾಗಿರುವ ಕರಿಬೇವು ಮತ್ತೆ ಚಿಗುರುತ್ತದೆ, ಬುಡಕ್ಕೆ ಹುಳಿ ಮಜ್ಜಿಗೆಯೋ ಗೊಬ್ಬರವೋ ಹಾಕಿದರೆ ಇನ್ನೂ ಬೇಗ. ಹುಳಗಳು ಜಾಸ್ತಿಯಾಗಿ ಎಲೆ ಮುಗಿದು ಹೋದರೆ ಪಕ್ಕದ ಮನೆಯ ಗಿಡದಿಂದ ಒಂದು ಕೊಂಬೆ ಕೇಳಿ ತರುತ್ತೇನೆ. ಮಾರ್ಕೆಟ್ಟಿನ ಕರಿಬೇವನ್ನು ಮಾತ್ರ ಹಾಕಲೇಬೇಡಿ, ಅದಕ್ಕೆ ಔಷಧಿ ಹೊಡೆದಿರುತ್ತಾರೆ. ನರ್ಸರಿಯಿಂದ ತಂದ ನಿಂಬೆ ಗಿಡದ ಕಥೆಯೂ ಅಷ್ಟೇ. ಬೇರಿನ ಮೂಲಕ ಗಿಡದ ಒಳಗೇ ಸೇರುವ ಔಷಧಿಗಳಿವೆ, ಎಲೆ ತೊಳೆದರೆ ಹೋಗುವುದಿಲ್ಲ. ಹಾಗಾಗಿ ಸಾಧ್ಯವಾದಷ್ಟೂ ಬೀಜ, ಕಡ್ಡಿ, ಬುಡದ ಮರಿಗಳಿಂದಲೇ ಗಿಡ ಮಾಡಿಕೊಳ್ಳುತ್ತೇನೆ. ಕೀಟನಾಶಕ ಒಂದು ಹನಿಯೂ ಬೇಡ. ಸಾವಯವ ಅಂತ ಬೇವಿನೆಣ್ಣೆ ಹೊಡೆಯುವವರಿದ್ದಾರೆ, ಅದೂ ಹುಳವನ್ನು ಬಿಡುವುದಿಲ್ಲ.

ಎರಡನೆಯದು ಎಕ್ಕ. ಇದಕ್ಕೆ ವಿರೋಧ ಬಂದಿದ್ದು ಪಕ್ಕದ ಮನೆಯವರಿಂದ. "ಮನೆ ಮುಂದೆ ಎಕ್ಕ ಬೆಳೆಸಬಾರದು ಕಣ್ರೀ" ಅಂದರು. ಗೇಟಿನ ಕಡೆ ಬೇಡ ಎಂದು ಹಿಂದೆ ಹಾಕಿದೆ. ರಥಸಪ್ತಮಿಯ ಹಿಂದಿನ ಸಂಜೆ ಅವರೇ ಬಂದು ಸ್ನಾನಕ್ಕೆ ಎಂದು ಏಳೇಳು ಎಲೆ ಕೇಳಿಕೊಂಡು ಹೋದರು. ಈಗ ಪ್ರತಿ ವರ್ಷ ಅವರ ಪಾಲು ನಮ್ಮ ಗಿಡದಲ್ಲಿ ಇದ್ದೇ ಇರುತ್ತದೆ. ಎಕ್ಕದ ಬೇರು ನೇರ ಆಳಕ್ಕೆ ಇಳಿಯುತ್ತದೆ, ದೊಡ್ಡ ಗಿಡ ಕಿತ್ತು ನೆಟ್ಟರೆ ಹಿಡಿಯುವುದು ಕಷ್ಟ. ಕಾಯಿ ಒಡೆದು ಹತ್ತಿ ಹಾರುವ ಕಾಲದಲ್ಲಿ ಬೀಜ ಹಿಡಿದು ಹಾಕಿ. ಅದರ ಹಾಲು ಕಣ್ಣಿಗೆ ತಾಗಬಾರದು, ಮುಟ್ಟಿದ ಮೇಲೆ ಕೈ ತೊಳೆಯಲೇಬೇಕು.

ಎಕ್ಕಕ್ಕೆ ಬರುವುದು ಪ್ಲೇನ್ ಟೈಗರ್, ಕಿತ್ತಳೆ ಬಣ್ಣದ ರೆಕ್ಕೆಗೆ ಕಪ್ಪು ಬಿಳುಪಿನ ಅಂಚು. ಇದರ ಹುಳ ಬಚ್ಚಿಟ್ಟುಕೊಳ್ಳುವ ಪೈಕಿ ಅಲ್ಲ. ಕಪ್ಪು, ಬಿಳಿ, ಹಳದಿ ಪಟ್ಟೆ, ಮೈಮೇಲೆ ಮೂರು ಜೊತೆ ಕಪ್ಪು ಕೊಂಬು. ಇದು ತಿನ್ನುವುದನ್ನು ನೀವು ಒಮ್ಮೆ ಹತ್ತಿರ ಕೂತು ನೋಡಬೇಕು. ನೇರವಾಗಿ ಬಾಯಿ ಹಾಕುವುದಿಲ್ಲ. ಮೊದಲು ಎಲೆಯ ನರವನ್ನು ಕಚ್ಚಿ ಕತ್ತರಿಸುತ್ತದೆ. ಹಾಲು ಅಲ್ಲೇ ಸೋರಿ ಹೋಗುತ್ತದೆ, ಕತ್ತರಿಸಿದ ಜಾಗದಿಂದಾಚೆಗಿನ ಎಲೆಗೆ ಹಾಲು ಹರಿಯುವುದು ಕಡಿಮೆಯಾಗುತ್ತದೆ. ಆಮೇಲೆ ಆ ಭಾಗವನ್ನು ತಿನ್ನಲು ಶುರು. ಅಂಗೈಯಗಲದ ಎಲೆಯ ಮೇಲೆ ಕಿರುಬೆರಳಿನಷ್ಟೂ ಇಲ್ಲದ ಹುಳ ಇಷ್ಟು ಲೆಕ್ಕಾಚಾರ ಮಾಡುತ್ತದಲ್ಲ ಎಂದು ನನಗೆ ಇವತ್ತಿಗೂ ಆಶ್ಚರ್ಯ. ಗಿಡದ ವಿಷವನ್ನು ಮೈಯಲ್ಲಿ ಸೇರಿಸಿಕೊಳ್ಳುವುದರಿಂದ ಹಕ್ಕಿಗಳು ಇದನ್ನೂ ಇದರ ಚಿಟ್ಟೆಯನ್ನೂ ಸಾಮಾನ್ಯವಾಗಿ ಬಿಟ್ಟುಬಿಡುತ್ತವೆ.

ಈ ವಿಷದ ಹೆಸರಿನಲ್ಲಿ ವೇಷ ಹಾಕುವ ಚಿಟ್ಟೆಗಳೂ ಇವೆ. ಡನಾಯ್ಡ್ ಎಗ್‌ಫ್ಲೈಯ ಹೆಣ್ಣು ನೋಡಲು ಥೇಟ್ ಪ್ಲೇನ್ ಟೈಗರ್. ಅದಕ್ಕೆ ಬೇಕಾದ ಗಿಡ ಗೋಣಿಸೊಪ್ಪು, ನಾವು ಸಾರು ಪಲ್ಯ ಮಾಡುವ ಅದೇ ಸೊಪ್ಪು. ಮಾರ್ಮನ್ ಚಿಟ್ಟೆಯ ಹೆಣ್ಣುಗಳಲ್ಲಂತೂ ಮೂರು ರೂಪ: ಒಂದು ಗಂಡಿನ ಹಾಗೇ, ಒಂದು ಕಾಮನ್ ರೋಸ್‌ನ ವೇಷ, ಇನ್ನೊಂದು ಕ್ರಿಮ್ಸನ್ ರೋಸ್‌ನ ವೇಷ. ಆ ಎರಡು ರೋಸ್ ಚಿಟ್ಟೆಗಳಿಗೆ ವಿಷ ಸಿಗುವುದು ಈಶ್ವರಿ ಬಳ್ಳಿಯಿಂದ. ಹಾವು ಬರುವುದಿಲ್ಲ ಎಂದು ಹಳಬರು ಹಿತ್ತಲಿಗೆ ಹಬ್ಬಿಸುತ್ತಿದ್ದ ಬಳ್ಳಿ ಇದು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೂ ಇದೇ ಆಹಾರ. ಮಲೆನಾಡು, ಕರಾವಳಿಯಲ್ಲಿ ಇರುವವರು ಹಿತ್ತಲಿದ್ದರೆ ಮೊದಲು ಇದನ್ನೇ ಹಬ್ಬಿಸಿ. ನಮ್ಮ ಬಳ್ಳಿಗೆ ಕ್ರಿಮ್ಸನ್ ರೋಸ್ ಬರುತ್ತದೆ, ನನಗೆ ಅಷ್ಟೇ ಸಂತೋಷ.

ಹೂವಿನ ವಿಷಯ ಹೆಚ್ಚು ಹೇಳುವುದಿಲ್ಲ. ಕೇಪಳ, ರಥಪುಷ್ಪ, ಒಂದೇ ಸುತ್ತಿನ ಎಸಳಿನ ಚೆಂಡುಹೂ ಸಾಕು. ತುಂಬು ಎಸಳಿನ ಚೆಂಡುಹೂವಿನಲ್ಲಿ ಚಿಟ್ಟೆಯ ನಾಲಗೆಗೆ ಮಕರಂದ ಸಿಗುವುದು ಕಷ್ಟ. ಗಿಡಗಳು ಬಿಸಿಲಲ್ಲಿರಬೇಕು, ಗಾಳಿ ನೇರ ಹೊಡೆಯಬಾರದು. ಲಂಟಾನಕ್ಕೆ ಚಿಟ್ಟೆ ಮುತ್ತುತ್ತವೆ, ಆದರೂ ನಾನು ನೆಡುವುದಿಲ್ಲ. ಬಂಡೀಪುರ, ಬಿಳಿಗಿರಿರಂಗನ ಬೆಟ್ಟದ ಕಾಡುಗಳನ್ನು ಅದು ಹೇಗೆ ಮುಚ್ಚಿ ಹಾಕಿದೆ ಎಂದು ನೋಡಿದವರಿಗೆ ನೆಡಲು ಮನಸ್ಸು ಬರುವುದಿಲ್ಲ. ಮಳೆಗಾಲದಲ್ಲಿ ತಾನಾಗಿ ಹುಟ್ಟುವ ತಗಚೆ, ಗಬ್ಬು ಸಾವಂತಿಯನ್ನು ಕಳೆ ಎಂದು ಕೀಳುವುದನ್ನು ನಿಲ್ಲಿಸಿ. ಮೊದಲನೆಯದರ ಎಲೆ ಹಳದಿ ಚಿಟ್ಟೆಗಳ ಮರಿಗೆ, ಎರಡನೆಯದರ ಹೂವು ಎಲ್ಲ ಸಣ್ಣ ಚಿಟ್ಟೆಗಳಿಗೆ. ನಮ್ಮ ತೋಟ ನೋಡಿದರೆ ಯಾರೂ ತೋಟ ಅನ್ನುವುದಿಲ್ಲ, ಅರ್ಧ ತಿಂದ ಎಲೆ, ಅಡ್ಡಾದಿಡ್ಡಿ ಗಿಡ. ನನ್ನ ಪ್ರಕಾರ ತೂತಿಲ್ಲದ ಎಲೆಗಳಿರುವ ಚಿಟ್ಟೆ ತೋಟದಲ್ಲಿ ಏನೋ ಕೊರತೆ ಇದೆ.

ಗಂಡು ಚಿಟ್ಟೆಗಳಿಗೆ ಉಪ್ಪಿನಂಶ ಬೇಕು, ಅದನ್ನು ಒದ್ದೆ ಮಣ್ಣಿನಿಂದ ಹೀರುತ್ತವೆ. ಒಂದು ಮಣ್ಣಿನ ತಟ್ಟೆಯಲ್ಲಿ ಮರಳು, ಚಿಟಿಕೆ ಉಪ್ಪು, ಸ್ವಲ್ಪ ಸಗಣಿ ನೀರು ಹಾಕಿ ತೇವ ಆರದ ಹಾಗೆ ನೋಡಿಕೊಂಡರೆ ಆಯಿತು. ನೀರು ನಿಲ್ಲಬಾರದು, ಸೊಳ್ಳೆ ಹುಟ್ಟುತ್ತದೆ. ಮೆತ್ತಗಾದ ಬಾಳೆಹಣ್ಣು, ಅನಾನಸ್ ಸಿಪ್ಪೆಯನ್ನು ನೆರಳಲ್ಲಿ ಇಟ್ಟರೆ ಹೂವಿನ ಕಡೆ ತಿರುಗಿಯೂ ನೋಡದ ಕಂದು ಬಣ್ಣದ ಚಿಟ್ಟೆಗಳು ಬರುತ್ತವೆ.

ಒಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಹೆಚ್ಚಿನ ಮರಿಗಳು ಚಿಟ್ಟೆಯಾಗುವುದಿಲ್ಲ. ಓತಿಕ್ಯಾತ, ಪಿಕಳಾರ, ಇರುವೆ, ಜೇಡ ಎಲ್ಲದಕ್ಕೂ ಪಾಲಿದೆ. ಎಲ್ಲಕ್ಕಿಂತ ಬೇಸರವಾಗುವುದು ಕಣಜದ ಜಾತಿಯ ಪುಟ್ಟ ಕೀಟಗಳಿಂದ. ಹುಳ ಚಿಟ್ಟೆಯಾಗುವ ಮುಂಚೆ ಕೋಶವಾಗಿ ಅಲುಗಾಡದೆ ಇರುತ್ತದಲ್ಲ, ಅವು ಆ ಕೋಶದೊಳಗೆ ಮೊಟ್ಟೆ ಇಡುತ್ತವೆ. ನಾವು ದಿನವೂ ಕಾಯುತ್ತಿದ್ದ ಕೋಶದಲ್ಲಿ ಒಂದು ಬೆಳಿಗ್ಗೆ ಸೂಜಿ ತೂತು, ಒಳಗೆ ಖಾಲಿ. ಮಗಳು ಅತ್ತೇಬಿಟ್ಟಳು. ಹುಳಗಳನ್ನೆಲ್ಲ ಡಬ್ಬಿಯಲ್ಲಿಟ್ಟು ಸಾಕೋಣ ಎಂದು ಹಟ ಹಿಡಿದಳು. ನಾನು ಒಪ್ಪಲಿಲ್ಲ. ಒಂದು ತಾಯಿ ಅಷ್ಟೊಂದು ಮೊಟ್ಟೆ ಇಡುವುದೇ ಇವರೆಲ್ಲರ ಪಾಲೂ ಸೇರಿಸಿ. ಪಿಕಳಾರವೂ ನಮ್ಮ ತೋಟದ್ದೇ ಅಲ್ವಾ? ಉಳಿದವು ಸಾಕಷ್ಟಿವೆ. ಕೋಶ ಕಟ್ಟುವ ಮುಂಚೆ ಹುಳ ಗಿಡ ಬಿಟ್ಟು ಅಲೆಯುತ್ತದೆ, ಗೇಟಿನ ಕಂಬಿ, ಬಕೆಟ್ ಹಿಡಿ, ಚಪ್ಪಲಿ ಸ್ಟ್ಯಾಂಡ್ ಎಲ್ಲಾದರೂ ಸಿಗಬಹುದು. ಮನೆಯವರೆಲ್ಲರಿಗೂ ಹೇಳಿಡಿ.

ಅಪಾರ್ಟ್‌ಮೆಂಟಿನ ಬಾಲ್ಕನಿ ಮಾತ್ರ ಇದ್ದವರು ಕಾಡುಬಸಳೆಯಿಂದ ಶುರು ಮಾಡಿ. ಕಿಡ್ನಿ ಕಲ್ಲಿಗೆ ಒಳ್ಳೆಯದು ಎಂದು ಎಷ್ಟೋ ಮನೆಗಳಲ್ಲಿ ಬೆಳೆಸಿರುತ್ತಾರೆ, ಕೇಳಿದರೆ ಸಿಗುತ್ತದೆ. ಒಂದು ಎಲೆಯನ್ನು ಮಣ್ಣಿನ ಮೇಲೆ ಇಟ್ಟರೆ ಅದರ ಅಂಚಿನಿಂದಲೇ ಸಸಿಗಳು ಏಳುತ್ತವೆ. ರೆಡ್ ಪಿಯರೋ ಎಂಬ ಪುಟ್ಟ ಚಿಟ್ಟೆ ಇದನ್ನು ಹುಡುಕಿಕೊಂಡು ಬರುತ್ತದೆ, ಬಿಳಿ ಕಪ್ಪು ರೆಕ್ಕೆಯ ಕೆಳಗೆ ಕಿತ್ತಳೆ ಪಟ್ಟಿ. ಹುಳ ಎಲೆಯ ಮೇಲೆ ಕಾಣುವುದಿಲ್ಲ, ದಪ್ಪ ಎಲೆಯ ಒಳಗೇ ಸುರಂಗ ಕೊರೆದು ತಿನ್ನುತ್ತಿರುತ್ತದೆ. ಎಲೆ ಬಿಳುಚಿ ಪೊಳ್ಳಾದರೆ ರೋಗ ಬಂತೆಂದು ಕಿತ್ತು ಬಿಸಾಡಬೇಡಿ. ಬೆಳಕಿಗೆ ಹಿಡಿದು ನೋಡಿ, ಒಳಗೆ ಹುಳ ಓಡಾಡುತ್ತಿರುತ್ತದೆ.