ಎಚ್110 ಬೋರ್ಡಿನಲ್ಲಿ ಎಂಟನೇ ತಲೆಮಾರಿನ ಪ್ರೊಸೆಸರ್: ಮಂಡ್ಯದ ಒಂಬತ್ತು ಕಂಪ್ಯೂಟರ್‌ಗಳ ನನ್ನ ಅನುಭವ

ಆರನೇ, ಏಳನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗಳಿಗೆಂದು ಬಂದ ಹಳೆಯ ಎಚ್110 ಮದರ್‌ಬೋರ್ಡಿಗೆ ಎಂಟನೇ ತಲೆಮಾರಿನ ಐ3-8100 ಹಾಕಿ ಓಡಿಸುತ್ತೇನೆಂದು ನಾನು ಹೇಳಿದಾಗ ನಕ್ಕವರ ಪೈಕಿ, ಮೈಸೂರಿನಲ್ಲಿ ಇಪ್ಪತ್ತು ವರ್ಷದಿಂದ ಸರ್ವಿಸ್ ಅಂಗಡಿ ನಡೆಸುತ್ತಿರುವ ನನ್ನ ಸ್ನೇಹಿತನೂ ಒಬ್ಬ. "ಆಗಾಕಿಲ್ಲ ಕಣ್ ಗುರು, ಸಾಕೆಟ್ ಒಂದೇ ಆದ್ರೂ ಚಿಪ್‌ಸೆಟ್ ಬೇರೆ. ಬೋರ್ಡೂ ಹೋಯ್ತದೆ, ಗಿರಾಕೀನೂ ಹೋಯ್ತಾನೆ" ಎಂದು ಅವನು ಫೋನಿನಲ್ಲಿಯೇ ಮಾತು ಮುಗಿಸಿದ್ದ. ಸಾಕೆಟ್ ಎಂದರೆ ಪ್ರೊಸೆಸರ್ ಕೂರುವ ಗೂಡು, ಚಿಪ್‌ಸೆಟ್ ಎಂದರೆ ಪ್ರೊಸೆಸರನ್ನು ಬೋರ್ಡಿನ ಉಳಿದ ಭಾಗಗಳಿಗೆ ಜೋಡಿಸುವ ಚಿಪ್ಪು, ಎಚ್110 ಎಂಬುದು ಆ ಚಿಪ್‌ಸೆಟ್ಟಿನ ಹೆಸರೇ. ಅವನು ಹೇಳಿದ್ದರಲ್ಲಿ ಅರ್ಧ ನಿಜವಾಯಿತು. ಒಂದು ಬೋರ್ಡು ಹೋಯಿತು. ಗಿರಾಕಿ ಹೋಗಲಿಲ್ಲ, ಒಂಬತ್ತು ಕಂಪ್ಯೂಟರ್‌ಗಳೂ ಇವತ್ತಿಗೂ ನಡೆಯುತ್ತಿವೆ.

ಕೆಲಸ ಬಂದದ್ದು 2025ರ ಗೌರಿ ಹಬ್ಬ ಕಳೆದ ವಾರ. ಮಂಡ್ಯದಲ್ಲಿ ಟೈಪಿಂಗ್ ಮತ್ತು ಕಂಪ್ಯೂಟರ್ ತರಗತಿ ನಡೆಸುವ ಒಬ್ಬ ಮೇಡಂ, ತಮ್ಮಲ್ಲಿರುವ ಒಂಬತ್ತು ಕಂಪ್ಯೂಟರ್‌ಗಳಿಗೂ ವಿಂಡೋಸ್ 11 ಹಾಕಿಕೊಡಬೇಕೆಂದು ಕೇಳಿದರು. ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯುತ್ತದೆಂಬುದನ್ನು ಅವರ ವಿದ್ಯಾರ್ಥಿಗಳೇ ಅವರಿಗೆ ತಿಳಿಸಿದ್ದರಂತೆ. ಎಲ್ಲದರಲ್ಲೂ ಇದ್ದದ್ದು ಆರನೇ ತಲೆಮಾರಿನ ಐ3-6100. ಬೋರ್ಡುಗಳಲ್ಲಿ ಏಳು ಒಂದೇ ಮಾದರಿಯ ಎಚ್110, ಇನ್ನೆರಡು ಬಿ150. ವಿಂಡೋಸ್ 11 ಇಂಟೆಲ್‌ನಲ್ಲಿ ಎಂಟನೇ ತಲೆಮಾರಿನಿಂದ ಮೇಲಕ್ಕೆ ಮಾತ್ರ ಒಪ್ಪುತ್ತದೆಂಬುದು ನಮಗೆಲ್ಲ ಗೊತ್ತಿರುವುದೇ. ತಪಾಸಣೆ ತಪ್ಪಿಸಿ ಹಾಕಬಹುದಿತ್ತು, ಆದರೆ ಮುಂದೊಂದು ದಿನ ಅಪ್‌ಡೇಟ್ ನಿಂತರೆ ಮೇಡಂ ಕೇಳುವುದು ನನ್ನನ್ನೇ ಎಂದು ಆ ದಾರಿ ಬೇಡವೆನಿಸಿತು. ಹೊಸದಾಗಿ ಎಚ್610 ಬೋರ್ಡು ಮತ್ತು ಐ3-12100 ಹಾಕಿದರೆ, ಹಳೆಯ ರ‍್ಯಾಮ್ ಉಳಿಸಿಕೊಂಡರೂ, ಒಂದಕ್ಕೆ ಹದಿನೈದು ಸಾವಿರ ದಾಟುತ್ತಿತ್ತು. ಒಂಬತ್ತಕ್ಕೆ ಒಂದು ಲಕ್ಷ ನಲವತ್ತು ಸಾವಿರದಷ್ಟು. ಮೇಡಂ ಕೈಯಲ್ಲಿ ಇದ್ದದ್ದು ನಲವತ್ತು ಸಾವಿರ.

ಆನ್ ಮಾಡಿದ ಕೂಡಲೇ ಮೊದಲು ಓಡುವ, ಬೋರ್ಡಿನ ಚಿಪ್ಪೊಂದರಲ್ಲಿರುವ ಮೂಲ ತಂತ್ರಾಂಶವೇ ಬಯಾಸ್. ಎಚ್110ಕ್ಕೆ ಏಳನೇ ತಲೆಮಾರಿನವರೆಗೆ ಅಧಿಕೃತ ಬಯಾಸ್ ಇದೆ. 2017ರ ಅಕ್ಟೋಬರಿನಲ್ಲಿ ಕಾಫಿ ಲೇಕ್ ಎಂಬ ಎಂಟನೇ ತಲೆಮಾರು ಬಂದಾಗ ಸಾಕೆಟ್ಟಿನ ಅಳತೆ ಅದೇ ಇದ್ದರೂ 300 ಸರಣಿಯ ಚಿಪ್‌ಸೆಟ್ಟಿನ ಬೋರ್ಡು ಬೇಕೆಂದು ಇಂಟೆಲ್ ಹೇಳಿತು. ವಿದ್ಯುತ್ ಪೂರೈಸುವ ಪಿನ್‌ಗಳು 128ರಿಂದ 146ಕ್ಕೆ ಏರಿವೆ, ಖಾಲಿ ಬಿಟ್ಟಿದ್ದ ಪಿನ್‌ಗಳು 46ರಿಂದ 25ಕ್ಕೆ ಇಳಿದಿವೆ. ಈ ಲೆಕ್ಕವನ್ನು ಮುಂದಿಟ್ಟೇ ಎಲ್ಲರೂ ನನ್ನನ್ನು ಹೆದರಿಸಿದರು. ನಾನು ಬೇರೆ ಲೆಕ್ಕ ಹಾಕಿದೆ. ಇದೇ ಎಚ್110 ಬೋರ್ಡು 65 ವ್ಯಾಟಿನ ಐ7-6700ನ್ನು ಅಧಿಕೃತವಾಗಿಯೇ ಹೊರುತ್ತದೆ, ಐ3-8100 ಕೂಡ 65 ವ್ಯಾಟಿನದೇ. ಹೆಚ್ಚುವರಿ ಪಿನ್ ಬೇಕಾದದ್ದು ಆರು ಕೋರುಗಳ (ಕೆಲಸ ಮಾಡುವ ಘಟಕಗಳ) ದೊಡ್ಡ ಪ್ರೊಸೆಸರ್‌ಗಳಿಗೇ ಹೊರತು ನಾಲ್ಕು ಕೋರಿನ ಈ ಬಡಪಾಯಿಗಲ್ಲ ಎಂದು ತೀರ್ಮಾನಿಸಿದೆ. ಅಲ್ಲದೆ 2018ರಲ್ಲಿಯೇ ಹೊರದೇಶದ ಹವ್ಯಾಸಿಗಳು ಇದೇ ಕಾಲದ ದುಬಾರಿ ಝಡ್170 ಬೋರ್ಡುಗಳಲ್ಲಿ ಇದನ್ನು ಮಾಡಿ ತೋರಿಸಿದ್ದರು. ನನ್ನದು ಹೊಸ ಸಂಶೋಧನೆಯೇನಲ್ಲ. ಆದರೆ ಬಡ ಎಚ್110 ಬೋರ್ಡುಗಳ ಮೇಲೆ, ಕೂಲಿ ಲೆಕ್ಕದಲ್ಲಿ, ಒಂದರ ಹಿಂದೆ ಒಂದು ಎಬ್ಬಿಸಿದವರನ್ನು ನಮ್ಮ ಜಿಲ್ಲೆಯಲ್ಲಿ ನಾನಂತೂ ಕಂಡಿಲ್ಲ.

ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಮೊದಲು ಒಂದೇ ಒಂದು ಐ3-8100 ತಂದೆ. ಸೆಕೆಂಡ್ಸ್ ಮಾಲು, ಸುಮಾರು 2,900 ರೂಪಾಯಿ. ಎಚ್110ಕ್ಕೆ ಎಂದು ಬಾಯಿಬಿಟ್ಟದ್ದಕ್ಕೆ ಅಂಗಡಿಯವನು, "ವಾಪಸ್ ತಗೊಳ್ಳಲ್ಲ ಸಾರ್, ಮೊದಲೇ ಹೇಳ್ಬಿಡ್ತೀನಿ" ಎಂದ. ಬಯಾಸ್ ಚಿಪ್ಪನ್ನು ಓದಿ ಬರೆಯುವ ಸಿಎಚ್341ಎ ಪ್ರೋಗ್ರಾಮರ್, ಅದನ್ನು ಚಿಪ್ಪಿಗೆ ಜೋಡಿಸುವ ಎಂಟು ಕಾಲಿನ ಕ್ಲಿಪ್ಪು, ಶಾಖ ತಡೆಯುವ ಕ್ಯಾಪ್ಟಾನ್ ಟೇಪು ಎಲ್ಲ ಸೇರಿ ಸಾವಿರದ ನೂರು ಚಿಲ್ಲರೆ ಆಯಿತು.

ಮೊದಲ ಬೋರ್ಡನ್ನು ಕೊಂದದ್ದು ನನ್ನ ಆತುರ. ಬೋರ್ಡಿನ ಮೇಲೆಯೇ ಬಯಾಸ್ ಚಿಪ್ಪಿಗೆ ಕ್ಲಿಪ್ ಕಚ್ಚಿಸಿ ಒಳಗಿದ್ದದ್ದರ ಪೂರ್ತಿ ನಕಲು, ಅಂದರೆ 8 ಎಂಬಿಯ ಡಂಪ್, ತೆಗೆದೆ. ಒಮ್ಮೆ ಓದಿದ್ದನ್ನೇ ಸರಿಯೆಂದು ನಂಬಿ ಹಳೆಯ ಬಯಾಸ್‌ಗೆ ಎಂಟನೇ ತಲೆಮಾರಿನ ಗುರುತು ಹಿಡಿಸುವ ಕಾಫಿಟೈಮ್ ತಂತ್ರಾಂಶದಲ್ಲಿ ತಿದ್ದಿ, ಅದನ್ನೇ ವಾಪಸ್ ಬರೆದೆ. ಬೋರ್ಡು ಫ್ಯಾನ್ ತಿರುಗಿಸಿತು, ನಿಂತಿತು, ಮತ್ತೆ ತಿರುಗಿಸಿತು, ಡಿಸ್ಪ್ಲೇ ಬರಲಿಲ್ಲ. ಹಳೆಯ ಡಂಪನ್ನು ಹಿಂದಕ್ಕೆ ಹಾಕೋಣವೆಂದರೆ ಅದೇ ಕೆಟ್ಟ ಓದು. ಕ್ಲಿಪ್ಪಿನ ಒಂದು ಹಲ್ಲು ಸರಿಯಾಗಿ ಕೂತಿರಲಿಲ್ಲ. ಅಷ್ಟು ಸಾಲದೆಂಬಂತೆ, ಮಾರುಕಟ್ಟೆಯಲ್ಲಿ ಸಿಗುವ ಕಪ್ಪು ಬಣ್ಣದ ಸಿಎಚ್341ಎ ಪ್ರೋಗ್ರಾಮರ್ 3.3 ವೋಲ್ಟಿನ ಚಿಪ್ಪಿನ ಡೇಟಾ ಗೆರೆಗಳಿಗೆ 5 ವೋಲ್ಟ್ ತಳ್ಳುತ್ತದೆಂಬುದನ್ನು ನಾನು ಮೀಟರ್ ಹಿಡಿದು ನೋಡಿದ್ದು ಆಮೇಲೆ. ಅದೇ ಮಾದರಿಯ ಸೆಕೆಂಡ್ಸ್ ಬೋರ್ಡಿಗೆ 2,400 ತೆತ್ತೆ. ಅಂದಿನಿಂದ ಪ್ರೋಗ್ರಾಮರನ್ನು 3.3 ವೋಲ್ಟಿಗೆ ತಿದ್ದಿಕೊಂಡಿದ್ದೇನೆ, ಬೋರ್ಡಿನ ಸೆಲ್ಲನ್ನೂ ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್ ಡಬ್ಬಿಯ ತಂತಿಯನ್ನೂ ಕಳಚುತ್ತೇನೆ, ಮೂರು ಸಲ ಓದಿ ಮೂರೂ ಒಂದೇ ಆಗಿದ್ದರೆ ಮಾತ್ರ ಮುಂದುವರಿಯುತ್ತೇನೆ. ಕ್ಲಿಪ್ಪು ಜಾರದಂತೆ ಕೂರಿಸಲು ಒಂದು ಸಣ್ಣ ಉಪಾಯ ಕಂಡುಕೊಂಡಿದ್ದೇನೆ, ಅದು ನನ್ನ ಅನ್ನದ ವಿಷಯವಾದ್ದರಿಂದ ಇಲ್ಲಿ ಬರೆಯುವುದಿಲ್ಲ.

ಎರಡನೇ ಬೋರ್ಡಿನಲ್ಲಿ ಪ್ರೊಸೆಸರ್ ಎದ್ದಿತು, ಆದರೆ ಬಯಾಸ್ ತೆರೆಯಿಡೀ ಕತ್ತಲೆ. ಒಂದು ನಿಮಿಷ ಕಳೆದ ಮೇಲೆ ಹಳೆಯ ವಿಂಡೋಸ್ ಒಮ್ಮೆಗೇ ಪರದೆಯ ಮೇಲೆ ಬಂತು. ಹೊಸ ಪ್ರೊಸೆಸರಿಗೆ ಬೇಕಾದ ಒಳಸೂಚನೆಗಳ ಕಡತವಾದ ಮೈಕ್ರೋಕೋಡ್ ಸೇರಿಸಿದವನು ಡಿಸ್ಪ್ಲೇ ಏಳಿಸುವ ಜಿಒಪಿ ಭಾಗವನ್ನು ಹಳೆಯದೇ ಬಿಟ್ಟಿದ್ದೆ. ಅದನ್ನು ಬದಲಿಸಿದ ಮೇಲೆ ಬಯಾಸ್ ಕೂಡ ಕಾಣಿಸಿತು, ಹೆಸರಿನ ಜಾಗದಲ್ಲಿ ಐ3-8100 ಎಂದೇ ಬಂತು. ರಾತ್ರಿ ಹನ್ನೊಂದೂವರೆಗೆ ಮೈಸೂರಿನ ಸ್ನೇಹಿತನಿಗೆ ಫೋಟೋ ಕಳಿಸಿದೆ. "ಫೋಟೋಶಾಪಾ?" ಎಂದು ಉತ್ತರ ಬಂತು.

ಅವನ ಸಂಶಯಕ್ಕೆ ಮರುದಿನವೇ ಬಲ ಸಿಕ್ಕಿತು. ಕಂಪ್ಯೂಟರ್ ಚೆನ್ನಾಗಿ ನಡೆಯುತ್ತಿರುವಂತೆಯೇ ಪಟ್ಟನೆ ಆಫ್ ಆಗತೊಡಗಿತು. ಬಿಸಿಯಿರಬೇಕೆಂದು ಥರ್ಮಲ್ ಪೇಸ್ಟ್ ಬದಲಿಸಿದೆ. ಎಸ್‌ಎಂಪಿಎಸ್ ಮೇಲೆ ಗುಮಾನಿ ಬಂದು ಒಂಬೈನೂರು ಕೊಟ್ಟು ಹೊಸದನ್ನು ಹಾಕಿದೆ. ರ‍್ಯಾಮ್ ಅದಲುಬದಲು ಮಾಡಿದೆ. ಎರಡು ದಿನ ಹೀಗೆ ಒದ್ದಾಡಿದ ಮೇಲೆ, ನನ್ನ ರಿಪೇರಿ ಅಂಗಡಿಯ ಹುಡುಗ ಗಡಿಯಾರ ನೋಡಿ, "ಅಣ್ಣಾ, ಇದು ಕರೆಕ್ಟಾಗಿ ಅರ್ಧ ಗಂಟೆಗೇ ಆಫ್ ಆಗ್ತದೆ" ಎಂದ. ಅವನ ಬಾಯಿಗೆ ಸಕ್ಕರೆ ಹಾಕಬೇಕು. ಮೂವತ್ತು ನಿಮಿಷಕ್ಕೆ ಸರಿಯಾಗಿ ಆಫ್ ಆಗುವುದೆಂದರೆ ಬಯಾಸ್ ಚಿಪ್ಪಿನೊಳಗಿನ, ಬೋರ್ಡನ್ನು ಒಳಗಿನಿಂದ ನಿರ್ವಹಿಸುವ ಇಂಟೆಲ್‌ನ ಎಂಇ (ಮ್ಯಾನೇಜ್‌ಮೆಂಟ್ ಎಂಜಿನ್) ಭಾಗ ಕೆಟ್ಟಿದೆ ಎಂದೇ ಅರ್ಥ, ಅದನ್ನು ಲ್ಯಾಪ್‌ಟಾಪ್ ರಿಪೇರಿಯಲ್ಲಿ ಹತ್ತು ಸಲ ಕಂಡಿದ್ದರೂ ನನಗೆ ಇಲ್ಲಿ ಹೊಳೆದಿರಲಿಲ್ಲ. ಎಂಇಯನ್ನು ಹೊಸ ಆವೃತ್ತಿಗೆ ಬದಲಿಸಿ, ಶುದ್ಧ ಸ್ಥಿತಿಯಲ್ಲಿಟ್ಟು ಮತ್ತೆ ಬರೆದೆ. ಆಗ ಮೊದಲ ಬೂಟಿಗೆ ಎರಡು ಮೂರು ಸಲ ತಾನೇ ಆನ್ ಆಫ್ ಆಗಿ ಸುಮಾರು ಒಂದು ನಿಮಿಷ ತೆಗೆದುಕೊಳ್ಳುತ್ತದೆ, ಆ ಹೊತ್ತಿನಲ್ಲಿ ಗಾಬರಿಯಿಂದ ವೈರ್ ಕಿತ್ತರೆ ಮತ್ತೆ ಮೊದಲಿನಿಂದ ಶುರು. ನಾನು ಎರಡು ಸಲ ಕಿತ್ತಿದ್ದೇನೆ.

ಬರೆಯುವಾಗ ಕರೆಂಟ್ ಹೋದದ್ದು ಒಂದು ಸಲ. ಅದಾದ ಮೇಲೆ ಪ್ರೋಗ್ರಾಮರನ್ನು ಲ್ಯಾಪ್‌ಟಾಪಿಗೇ ಹಾಕುತ್ತೇನೆ.

ಇಷ್ಟಾದ ಮೇಲೆ ಉಳಿದ ಎಂಟು ಪ್ರೊಸೆಸರ್‌ಗಳನ್ನು ಒಟ್ಟಿಗೆ ತಂದೆ. ಏಳು ಎಚ್110 ಬೋರ್ಡುಗಳೂ ಒಂದೇ ಮಾದರಿಯವಾದ್ದರಿಂದ ಮೊದಲನೆಯದಕ್ಕೆ ಹನ್ನೆರಡು ದಿನ ಹಿಡಿದದ್ದು ಕೊನೆಯದಕ್ಕೆ ನಲವತ್ತು ನಿಮಿಷಕ್ಕೆ ಇಳಿಯಿತು. ಈ ವಿದ್ಯೆ ಲಾಭ ಕೊಡುವುದು ಇಲ್ಲಿಯೇ. ಯಾರಾದರೂ ಒಂದೇ ಒಂದು ಬೋರ್ಡು ತಂದು ಎಂಟನೇ ತಲೆಮಾರು ಹಾಕಿಕೊಡಿ ಎಂದರೆ ನಾನು ಒಪ್ಪುವುದಿಲ್ಲ, ಸೆಕೆಂಡ್ಸ್ ಎಚ್310 ಬೋರ್ಡು ಹಾಕಿಸಿಕೊಳ್ಳಿ ಎಂದು ಕಳಿಸುತ್ತೇನೆ.

ಬಿ150 ಬೋರ್ಡುಗಳಲ್ಲಿ ಇನ್ನೊಂದು ಪಾಠವಾಯಿತು. ಎರಡೂ ಒಂದೇ ಮಾದರಿ ತಾನೇ ಎಂದು ಒಂದರ ತಿದ್ದಿದ ಕಡತವನ್ನೇ ಇನ್ನೊಂದಕ್ಕೂ ಬರೆದೆ. ಮೇಡಂ ಮಾರನೆಯ ದಿನ ಫೋನ್ ಮಾಡಿ, ಆರನೇ ಕಂಪ್ಯೂಟರ್ ಆನ್ ಮಾಡಿದರೆ ಒಂಬತ್ತನೆಯದರಲ್ಲಿ ಇಂಟರ್‌ನೆಟ್ ಹೋಗುತ್ತದೆಂದರು. ಆ ಬೋರ್ಡುಗಳಲ್ಲಿ ಇಂಟೆಲ್‌ನ ನೆಟ್‌ವರ್ಕ್ ಚಿಪ್ಪಿದ್ದು, ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಮ್ಯಾಕ್ ವಿಳಾಸ ಕೂಡ ಬಯಾಸ್ ಚಿಪ್ಪಿನೊಳಗೇ ಇರುತ್ತದೆ. ನಾನು ಒಂದೇ ವಿಳಾಸವನ್ನು ಎರಡು ಮನೆಗೆ ಬರೆದಿದ್ದೆ. ರಿಯಲ್‌ಟೆಕ್ ಚಿಪ್ಪಿನ ನನ್ನ ಎಚ್110 ಬೋರ್ಡುಗಳಲ್ಲಿ ಈ ತೊಂದರೆ ಬರಲಿಲ್ಲ, ಆದರೂ ಸೀರಿಯಲ್ ಸಂಖ್ಯೆ ಕಳೆದುಹೋಗದಿರಲೆಂದು ಈಗ ಪ್ರತಿ ಬೋರ್ಡಿನ ಸ್ವಂತ ಡಂಪನ್ನೇ ತಿದ್ದುತ್ತೇನೆ.

ವಿಂಡೋಸ್ 11 ಹಾಕುವುದು ದೊಡ್ಡ ಕೆಲಸವಾಗಲಿಲ್ಲ. ಬಯಾಸ್‌ನಲ್ಲಿ ಇಂಟೆಲ್‌ನ ಪಿಟಿಟಿ ಆನ್ ಮಾಡಿದಾಗ ವಿಂಡೋಸ್ 11 ಕೇಳುವ ಭದ್ರತಾ ಸೌಲಭ್ಯವಾದ ಟಿಪಿಎಂ 2.0 ಸಿಕ್ಕಿತು, ಡಿಸ್ಕನ್ನು ಜಿಪಿಟಿ ಎಂಬ ಹೊಸ ವಿಭಜನಾ ಕ್ರಮಕ್ಕೆ ಬದಲಿಸಿದೆ, ತಪಾಸಣೆಯ ತಂತ್ರಾಂಶ ಹಸಿರು ಟಿಕ್ ತೋರಿಸಿತು. ನುಡಿ ತಂತ್ರಾಂಶವೂ ತಕರಾರಿಲ್ಲದೆ ನಡೆಯಿತು, ಮೇಡಂಗೆ ಇದ್ದ ಚಿಂತೆಯೂ ಅದೊಂದೇ. ಎರಡು ಕೋರು ನಾಲ್ಕಾದದ್ದರ ವ್ಯತ್ಯಾಸ ಟೈಪಿಂಗಿನಲ್ಲಿ ತಿಳಿಯುವುದಿಲ್ಲ, ಆದರೆ ಬೆಳಗ್ಗೆ ಆನ್ ಮಾಡಿದ ಕೂಡಲೇ ಅಪ್‌ಡೇಟ್ ಓಡುತ್ತಿದ್ದರೂ ಕಂಪ್ಯೂಟರ್ ಹೆಣಗುವುದಿಲ್ಲ.

ಮೇಡಂ ಒಂದಕ್ಕೆ ನಾಲ್ಕು ಸಾವಿರದಂತೆ ಮೂವತ್ತಾರು ಸಾವಿರ ಕೊಟ್ಟರು. ನನಗೆ ಪ್ರೊಸೆಸರ್‌ಗಳಿಗೆ ಇಪ್ಪತ್ತಾರು ಸಾವಿರ, ಸತ್ತ ಬೋರ್ಡಿಗೆ, ಬೇಡದ ಎಸ್‌ಎಂಪಿಎಸ್‌ಗೆ, ಸಾಮಾನಿಗೆ, ಓಡಾಟಕ್ಕೆ ಎಲ್ಲ ಸೇರಿ ಇನ್ನೊಂದು ಐದು ಸಾವಿರ ಖರ್ಚಾಗಿರಬೇಕು. ಕಳಚಿದ ಐ3-6100ಗಳು ಒಪ್ಪಂದದಂತೆ ನನ್ನವೇ. ಅವನ್ನು ತಲಾ ಒಂಬೈನೂರಕ್ಕೆ ಮಾರಿದೆ. ಹದಿಮೂರು ಸಾವಿರದ ಆಸುಪಾಸು ಉಳಿಯಿತು. ಒಂದೂವರೆ ತಿಂಗಳ ರಾತ್ರಿಗಳಿಗೆ ಇದು ದೊಡ್ಡ ಕೂಲಿಯಲ್ಲ, ಆದರೆ ಮುಂದಿನ ಸಲ ಆ ಹನ್ನೆರಡು ದಿನ ಇರುವುದಿಲ್ಲ.

ಕೈ ಸುಮ್ಮನಿರದೆ ನನ್ನ ಅಂಗಡಿಯ ಕಂಪ್ಯೂಟರಿಗೆ ಐ5-8400 ಹಾಕಿ ನೋಡಿದೆ. ಆರು ಕೋರಿನದು ಬಯಾಸ್ ತಿದ್ದಿದಷ್ಟಕ್ಕೆ ಏಳುವುದಿಲ್ಲ, ಪ್ರೊಸೆಸರಿನ ತಳದಲ್ಲಿ ಕೆಲವು ಪ್ಯಾಡುಗಳನ್ನು ಒಂದಕ್ಕೊಂದು ಸೇರಿಸಬೇಕು. ಯಾವುವೆಂದು ಬೇಕಾದವರು ಹುಡುಕಿಕೊಳ್ಳಲಿ, ನನ್ನ ಮಾತು ನಂಬಿ ತಪ್ಪು ಪ್ಯಾಡ್ ಸೇರಿಸಿ ಸುಟ್ಟುಕೊಂಡರೆ ಆ ಪಾಪ ನನಗೆ ಬೇಡ. ಎದ್ದ ಮೇಲೆ ಚೆನ್ನಾಗಿಯೇ ಓಡಿತು. ಆದರೆ ಹತ್ತು ನಿಮಿಷ ಪೂರ್ತಿ ಭಾರ ಹೊರಿಸಿದರೆ ಪ್ರೊಸೆಸರಿಗೆ ಬೇಕಾದ ವೋಲ್ಟೇಜ್ ಕೊಡುವ, ಹೀಟ್‌ಸಿಂಕ್ ಇಲ್ಲದ ವಿಆರ್‌ಎಂ ಬೆರಳಿಡಲಾಗದಷ್ಟು ಕಾದು ವೇಗ ಕುಸಿಯುತ್ತಿತ್ತು. ಸತ್ತ ಬೋರ್ಡಿನ ಚಿಪ್‌ಸೆಟ್ ಮೇಲಿದ್ದ ಅಲ್ಯೂಮಿನಿಯಂ ತುಂಡನ್ನು ಗರಗಸದಿಂದ ಕತ್ತರಿಸಿ ಅಲ್ಲಿ ಅಂಟಿಸಿದೆ. ಮದುವೆ ಆಲ್ಬಂ ಒಂದನ್ನು ಪಿಡಿಎಫ್ ಮಾಡಲು ಹನ್ನೊಂದು ನಿಮಿಷ ಹಿಡಿಯುತ್ತಿದ್ದದ್ದು ಈಗ ಆರಕ್ಕೆ ಮುಗಿಯುತ್ತದೆ.

ಇದಕ್ಕೂ ಮೊದಲು ಮಾಡಿದ ಪ್ರಯೋಗಗಳಲ್ಲಿ ನನಗೆ ಹೆಚ್ಚು ಪ್ರೀತಿಯದು ಹಳೆಯ ಎಲ್‌ಜಿಎ 775 ಸಾಕೆಟ್ಟಿನ ಜಿ41 ಬೋರ್ಡಿಗೆ ಸರ್ವರಿನ ಜಿಯಾನ್ ಇ5450 ಪ್ರೊಸೆಸರ್ ಕೂರಿಸಿದ್ದು. ಎರಡು ಪ್ಯಾಡುಗಳನ್ನು ಅದಲುಬದಲು ಮಾಡುವ ಪುಟ್ಟ ಸ್ಟಿಕ್ಕರ್, ಸಾಕೆಟ್ಟಿನ ಗೂಟಗಳನ್ನು ಕತ್ತರಿಸಲು ಒಂದು ಬ್ಲೇಡು, ಸ್ವಲ್ಪ ಧೈರ್ಯ, ಇಷ್ಟರಲ್ಲೇ 12 ಎಂಬಿ ಕ್ಯಾಶಿನ ನಾಲ್ಕು ಕೋರು ಕೈಗೆ ಬರುತ್ತಿತ್ತು. ಅಂಥವು ಐದಾರು ಮಾಡಿ ಮಾರಿದ್ದೇನೆ. ಅವುಗಳಿಗೆ ವಿಂಡೋಸ್ 11 ಕನಸೇ ಸರಿ. 2024ರ 24ಎಚ್2 ಆವೃತ್ತಿ ಕೇಳುವ ಪಾಪ್‌ಕೌಂಟ್ ಎಂಬ ಲೆಕ್ಕದ ಸೂಚನೆ ಆ ಪ್ರೊಸೆಸರಿನಲ್ಲಿಯೇ ಇಲ್ಲ, ಯಾವ ಉಪಾಯಕ್ಕೂ ಬೂಟ್ ಆಗುವುದಿಲ್ಲ. ಎರಡನೇ ತಲೆಮಾರಿನ ಕಾಲದ ಎಚ್61 ಬೋರ್ಡಿಗೆ ಮೂರನೇ ತಲೆಮಾರಿನ ಐ7-3770 ಹಾಕುವುದು ಎಲ್ಲರೂ ಮಾಡುವ ಕೆಲಸ. ಹಳೆಯ ಎರಡನೇ ತಲೆಮಾರಿನ ಪ್ರೊಸೆಸರ್ ಕೂತಿರುವಾಗಲೇ ಬಯಾಸ್ ಏರಿಸಬೇಕೆಂಬುದನ್ನು ಮರೆತು, ಮೊದಲೇ ಅದನ್ನು ಮಾರಿಬಿಟ್ಟವರು ನನ್ನಲ್ಲಿ ಎರವಲು ಪ್ರೊಸೆಸರ್ ಕೇಳಿಕೊಂಡು ಬರುತ್ತಾರೆ.

ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿಯ ಎಎಂ4 ಸಾಕೆಟ್ಟಿನ ಬೋರ್ಡುಗಳಲ್ಲಿ ಕ್ಲಿಪ್ಪೂ ಬೇಡ, ಪ್ರೋಗ್ರಾಮರೂ ಬೇಡ. 2017ರ ಎ320 ಬೋರ್ಡಿಗೆ 2022ರ ರೈಜನ್ 5 5600 ಅಧಿಕೃತ ಬಯಾಸ್‌ನಿಂದಲೇ ಕೂರುತ್ತದೆ. ಹಾಗೆ ಕೂರಿಸಿ ಕಳಿಸಿದ ಒಂದು ಕಂಪ್ಯೂಟರ್ ಮರುದಿನ ನೋ ಡಿಸ್ಪ್ಲೇ ಎಂದು ವಾಪಸ್ ಬಂತು. ಗಿರಾಕಿ ಮನೆಯಲ್ಲಿ ಗ್ರಾಫಿಕ್ಸ್ ಕಾರ್ಡಿಗೆ ಹಾಕಬೇಕಾದ ಕೇಬಲನ್ನು ಬೋರ್ಡಿನ ಎಚ್‌ಡಿಎಂಐಗೆ ಸಿಕ್ಕಿಸಿದ್ದರು. 5600ರೊಳಗೆ ಗ್ರಾಫಿಕ್ಸ್ ಇಲ್ಲವೆಂದು ಹೇಳದೆ ಕಳಿಸಿದ್ದು ನನ್ನದೇ ತಪ್ಪು.

ಮೇಡಂ ಅವರ ಒಂಬತ್ತು ಕ್ಯಾಬಿನೆಟ್ಟುಗಳ ಒಳಬಾಗಿಲಿಗೂ ನುಡಿಯಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿದ ಚೀಟಿ ಅಂಟಿಸಿದ್ದೇನೆ: "ಬಯಾಸ್ ಅಪ್‌ಡೇಟ್ ಮಾಡಬಾರದು." ಕಂಪನಿಯ ಬಯಾಸ್ ಹಾಕಿದ ಮರುಕ್ಷಣ ಆ ಬೋರ್ಡಿಗೆ ಎಂಟನೇ ತಲೆಮಾರು ಯಾರೆಂದೇ ಗೊತ್ತಾಗುವುದಿಲ್ಲ. ಒಂಬತ್ತೂ ಡಂಪುಗಳು ಎರಡು ಪೆನ್‌ಡ್ರೈವಿನಲ್ಲಿವೆ, ಒಂದು ಅಂಗಡಿಯಲ್ಲಿ, ಇನ್ನೊಂದು ಮನೆಯ ಬೀರುವಿನಲ್ಲಿ. ಮೈಸೂರಿನ ಸ್ನೇಹಿತ ಹೋದ ವಾರ ಫೋನ್ ಮಾಡಿ, ಕ್ಲಿಪ್ಪನ್ನು ಜಾರದಂತೆ ಹೇಗೆ ಕೂರಿಸುವುದೆಂದು ಕೇಳಿದ. ಮಂಡ್ಯಕ್ಕೆ ಬಾ, ಕಾಫಿ ಕುಡಿಸು, ಆಮೇಲೆ ನೋಡೋಣ ಎಂದಿದ್ದೇನೆ.